ಆಟದ ಪೆಟ್ಟಿಗೆಯೂ ಕಥೆಯ ಒಡೆತನವೂ

ಮೈಸೂರಿನ ಅಗ್ರಹಾರದಲ್ಲಿ, ನೂರೊಂದು ಗಣಪತಿಯ ದೇವಾಲಯದ ಆಸುಪಾಸಿನ ಬೀದಿಗಳಲ್ಲಿ, ಮನೆಗೊಂದೇ ಟೆಲಿವಿಷನ್ ಇದ್ದ ತೊಂಬತ್ತರ ದಶಕದಲ್ಲಿ ಬೆಳೆದವರು, ಆ ಒಂದು ಗಾಜಿನ ಒಡೆತನಕ್ಕಾಗಿ ಸಂಜೆಯ ಹೊತ್ತು ನಡೆಯುತ್ತಿದ್ದ ವ್ಯಾಜ್ಯವನ್ನು ಮರೆತಿರಲಾರರು. ಶಾಲೆಯಿಂದ ಬಂದ ಹುಡುಗರು ಆಂಟೆನಾದ ತಂತಿಯನ್ನು ಕಿತ್ತು, ಅದಿದ್ದ ಜಾಗಕ್ಕೆ ವಿಡಿಯೋ ಗೇಮಿನ ತಂತಿಯನ್ನು ಸಿಕ್ಕಿಸಿ, ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ ಧೂಳು ಹಾರಿಸಿ ಒಳಕ್ಕೆ ಒತ್ತಿದರೆಂದರೆ, ಕೆಂಪು ಟೋಪಿಯ ಮೀಸೆಗಾರ ಮಾರಿಯೋ ಗಾಜಿನ ಮೇಲೆ ಓಡತೊಡಗುವನು. ಅಷ್ಟರಲ್ಲಿಯೆ ನಡುಮನೆಯಿಂದ "ಸಾಕು ನಿಲ್ಲಿಸ್ರೋ, ಧಾರಾವಾಹಿ ಶುರುವಾಯ್ತು" ಎಂಬ ಅಜ್ಜಿಯ ಅಪ್ಪಣೆ ಬರುವುದು. 'ಸಮುರಾಯ್' ಮೊದಲಾದ ಹೆಸರುಗಳಲ್ಲಿ ಭಾರತದಲ್ಲಿ ಮಾರಾಟವಾಗುತ್ತಿದ್ದ ಆ ಪೆಟ್ಟಿಗೆ ಜಪಾನಿನ ನಿಂಟೆಂಡೊ ಯಂತ್ರದ ಮಾದರಿಯದು. ಅದಕ್ಕೂ ಅಜ್ಜಿಯ ಧಾರಾವಾಹಿಗೂ ಅಂದು ಇದ್ದುದು ಕೇವಲ ಹಗೆತನದ ಸಂಬಂಧ. ಇಂದಾದರೊ ಆಟದ ಪೆಟ್ಟಿಗೆಗಳನ್ನು ಮಾಡುವ ಸಂಸ್ಥೆಗಳೆ ಧಾರಾವಾಹಿಗಳನ್ನೂ ಚಲನಚಿತ್ರಗಳನ್ನೂ ಮಾಡಿಸುತ್ತಿವೆ. ಆಟದೊಳಗಿನ ಪಾತ್ರಗಳು ಅಜ್ಜಿಯ ಹೊತ್ತಿಗೇ ಗಾಜಿನ ಮೇಲೆ ಬಂದು ಕುಳಿತಿವೆ. ಈ ಸ್ಥಿತ್ಯಂತರ ಹೇಗಾಯಿತೆಂಬುದೂ, ಅದರಲ್ಲಿ ಮೈಸೂರಿನವರಾದ ನಾವು ಗಮನಿಸಬೇಕಾದುದು ಏನೆಂಬುದೂ ವಿಚಾರಯೋಗ್ಯವಾದ ಸಂಗತಿ.

ಯಂತ್ರವನ್ನು ನಿರ್ಮಿಸಿದವನು ಅದರೊಳಗೆ ತುಂಬತಕ್ಕ ವಸ್ತುವನ್ನೂ ತಾನೇ ಒದಗಿಸಲು ಹೊರಡುವುದು ಹೊಸದಲ್ಲ. ರೇಡಿಯೋ ಪೆಟ್ಟಿಗೆಗಳನ್ನು ಮಾರುತ್ತಿದ್ದ ಅಮೆರಿಕದ ಆರ್.ಸಿ.ಎ. ಸಂಸ್ಥೆ 1926ರಲ್ಲಿ ಎನ್.ಬಿ.ಸಿ. ಎಂಬ ಪ್ರಸಾರಜಾಲವನ್ನು ಕಟ್ಟಿದುದು, ಕೇಳಲು ಏನೂ ಇಲ್ಲದ ಪೆಟ್ಟಿಗೆಯನ್ನು ಯಾರೂ ಕೊಳ್ಳರೆಂಬ ಸರಳ ವಿವೇಕದಿಂದ. ನಮ್ಮ ಊರಿನಲ್ಲಿಯೂ, ಲಾಭದ ಉದ್ದೇಶ ಲವಲೇಶವೂ ಇಲ್ಲದೆ, ಇಂಥದೇ ಒಂದು ಕಾರ್ಯ ನಡೆಯಿತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಸಣ್ಣದೊಂದು ಪ್ರಸಾರಯಂತ್ರವನ್ನು ಸ್ಥಾಪಿಸಿ 'ಆಕಾಶವಾಣಿ'ಯನ್ನು ಆರಂಭಿಸಿದರಷ್ಟೆ. ಯಂತ್ರ ನುಡಿಯಲು ಸಿದ್ಧವಾದೊಡನೆ ಅದರ ಮೂಲಕ ನುಡಿಯತಕ್ಕವರನ್ನೂ ಹಾಡತಕ್ಕವರನ್ನೂ ಅರಸಿ ತರುವ ಹೊಣೆಯೂ ಅವರ ಮೇಲೆಯೇ ಬಿದ್ದಿತು.

ಆಟದ ಪೆಟ್ಟಿಗೆಯ ವಿಷಯದಲ್ಲಿ ಈ ನಂಟು ಇನ್ನೂ ಗಾಢವಾದುದು, ಏಕೆಂದರೆ ಆ ಪೆಟ್ಟಿಗೆ ಹುಟ್ಟಿದುದೇ ಟೆಲಿವಿಷನ್ನಿನ ಮಡಿಲಲ್ಲಿ. ಮನೆಮನೆಯಲ್ಲಿಯೂ ಕುಳಿತಿರುವ ಟೆಲಿವಿಷನ್ನನ್ನು ನೋಡುವುದಲ್ಲದೆ ಬೇರೆ ಏತಕ್ಕೆ ಬಳಸಬಹುದೆಂದು ರಾಲ್ಫ್ ಬೇಯರ್ ಎಂಬ ಎಂಜಿನಿಯರು 1966ರಲ್ಲಿ ಯೋಚಿಸಿದುದರ ಫಲವಾಗಿ, 1972ರಲ್ಲಿ ಮ್ಯಾಗ್ನಾವಾಕ್ಸ್ ಎಂಬ ಟೆಲಿವಿಷನ್ ತಯಾರಕರು 'ಒಡಿಸಿ'ಯೆಂಬ ಮೊದಲನೆಯ ಗೃಹಕ್ರೀಡಾ ಯಂತ್ರವನ್ನು ಮಾರುಕಟ್ಟೆಗೆ ತಂದರು. ಸೋನಿ ಸಂಸ್ಥೆಯ ದಾರಿ ಬೇರೆ. ಬೀಟಾಮ್ಯಾಕ್ಸ್ ಎಂಬ ತನ್ನ ವಿಡಿಯೋ ಟೇಪು ಗುಣದಲ್ಲಿ ಕಡಮೆಯಿಲ್ಲದಿದ್ದರೂ ವಿ.ಎಚ್.ಎಸ್. ಎಂಬ ಪ್ರತಿಸ್ಪರ್ಧಿ ಟೇಪಿನ ಎದುರು ಸೋತಾಗ, ಚಿತ್ರಗಳ ಸ್ವಾಮ್ಯವಿಲ್ಲದವನ ಯಂತ್ರಕ್ಕೆ ಬಾಳಿಕೆಯಿಲ್ಲವೆಂಬ ಪಾಠವನ್ನು ಕಲಿತ ಆ ಸಂಸ್ಥೆ, 1988ರಲ್ಲಿ ಸಿ.ಬಿ.ಎಸ್. ರೆಕಾರ್ಡ್ಸನ್ನೂ 1989ರಲ್ಲಿ ಕೊಲಂಬಿಯಾ ಪಿಕ್ಚರ್ಸನ್ನೂ ಕೊಂಡುಕೊಂಡಿತು. ಅದರ ಪ್ಲೇಸ್ಟೇಷನ್ ಹುಟ್ಟಿದುದು ಆಮೇಲೆ, 1994ರಲ್ಲಿ. ಒಂದೇ ಸೂರಿನ ಕೆಳಗೆ ಚಿತ್ರಶಾಲೆಯೂ ಕ್ರೀಡಾಯಂತ್ರವೂ ಇದ್ದರೂ ಇವೆರಡಕ್ಕೂ ನಿಜವಾದ ಕೊಡುಕೊಳೆ ಏರ್ಪಡಲು ಮತ್ತೆ ಕಾಲು ಶತಮಾನ ಹಿಡಿಯಿತೆಂಬುದು ಆಶ್ಚರ್ಯ.

ಆ ನಡುವೆ ಸೋಲುಗಳಾದುವು. ಮೈಕ್ರೋಸಾಫ್ಟ್ ಸಂಸ್ಥೆ 2012ರಲ್ಲಿ, ಸಿ.ಬಿ.ಎಸ್. ಟೆಲಿವಿಷನ್ನಿನಲ್ಲಿ ಬಹುಕಾಲ ಅಧಿಕಾರ ನಡೆಸಿದ ನ್ಯಾನ್ಸಿ ಟೆಲೆಮ್ ಅವರನ್ನು ಕರೆತಂದು, ಎಕ್ಸ್‌ಬಾಕ್ಸ್ ಎಂಟರ್‌ಟೈನ್‌ಮೆಂಟ್ ಸ್ಟುಡಿಯೋಸ್ ಎಂಬ ಶಾಖೆಯನ್ನು ತೆರೆಯಿತು. 2013ರ ಮೇ ತಿಂಗಳಲ್ಲಿ ತನ್ನ ಹೊಸ ಯಂತ್ರವಾದ ಎಕ್ಸ್‌ಬಾಕ್ಸ್ ಒನ್ ಅನ್ನು ಲೋಕಕ್ಕೆ ಪರಿಚಯಿಸಿದ ಸಭೆಯಲ್ಲಿ ಆಟಕ್ಕಿಂತ ಹೆಚ್ಚಾಗಿ ಟೆಲಿವಿಷನ್ನಿನ ಮಾತೇ ನಡೆದುದರಿಂದ, ಆಡತಕ್ಕವರು ಮುನಿದರು, ನೋಡತಕ್ಕವರು ಬರಲಿಲ್ಲ. 2014ರ ಜುಲೈನಲ್ಲಿ ಆ ಶಾಖೆಯನ್ನು ಮುಚ್ಚುವ ನಿರ್ಧಾರ ಪ್ರಕಟವಾಯಿತು. ಸೋನಿಯೂ 2015ರಲ್ಲಿ 'ಪವರ್ಸ್' ಎಂಬ ಧಾರಾವಾಹಿಯನ್ನು ಪ್ಲೇಸ್ಟೇಷನ್ ಇದ್ದವರಿಗಾಗಿಯೇ ಮಾಡಿಸಿ, ಎರಡು ಋತುಗಳಲ್ಲಿ ಕೈಬಿಟ್ಟಿತು; ಅದೇ ವರ್ಷ ಆರಂಭವಾದ ಪ್ಲೇಸ್ಟೇಷನ್ ವ್ಯೂ ಎಂಬ ಟೆಲಿವಿಷನ್ ಸೇವೆ 2020ರ ಜನವರಿಯಲ್ಲಿ ನಿಂತುಹೋಯಿತು. ಈ ಯತ್ನಗಳೆಲ್ಲದರಲ್ಲಿಯೂ ಕಥೆಯನ್ನು ಪೆಟ್ಟಿಗೆಯ ಮಾರಾಟಕ್ಕೆ ಹಾಕಿದ ಗಾಳವೆಂದು ಬಗೆದುದೇ ಮೂಲದೋಷವೆಂದು ನನಗೆ ತೋರುತ್ತದೆ. ಗಾಳದಲ್ಲಿ ಸಿಕ್ಕಿಸಿದ ಕಥೆಗೆ ತನ್ನದೇ ಆದ ಜೀವವಿರದು.

ನಿಂಟೆಂಡೊ ಸಂಸ್ಥೆಯ ಚರಿತ್ರೆ ಇವೆರಡಕ್ಕಿಂತ ನಮಗೆ ಹೆಚ್ಚು ಬೋಧಪ್ರದವಾದುದು. 1889ರಲ್ಲಿ ಕ್ಯೋತೋ ನಗರದಲ್ಲಿ ಫುಸಾಜಿರೊ ಯಮಾವುಚಿ ಎಂಬಾತನು ಆರಂಭಿಸಿದ ಈ ಅಂಗಡಿ ಮೊದಲಲ್ಲಿ ಮಾಡುತ್ತಿದ್ದುದು 'ಹನಾಫುದಾ' ಎಂಬ ಆಟದ ಎಲೆಗಳನ್ನು: ಹನ್ನೆರಡು ಮಾಸಗಳಿಗೆ ಹನ್ನೆರಡು ಬಗೆಯ ಗಿಡಹೂಗಳಂತೆ, ಒಟ್ಟು 48 ಎಲೆಗಳ ಕಟ್ಟು. ಎಪ್ಪತ್ತು ವರ್ಷಗಳ ತರುವಾಯ, 1959ರಲ್ಲಿ, ವಾಲ್ಟ್ ಡಿಸ್ನಿಯ ಪಾತ್ರಗಳನ್ನು ಅನುಮತಿ ಪಡೆದು ತಮ್ಮ ಎಲೆಗಳ ಮೇಲೆ ಅಚ್ಚು ಹಾಕಿದಾಗ, ಅದುವರೆಗೆ ಜೂಜಿನ ಸಾಧನವೆಂಬ ಅಪಕೀರ್ತಿಗೆ ಗುರಿಯಾಗಿದ್ದ ಇಸ್ಪೀಟು ಮಕ್ಕಳಿರುವ ಮನೆಗಳೊಳಕ್ಕೆ ಮರ್ಯಾದೆಯಿಂದ ಪ್ರವೇಶಿಸಿತು. ಒಂದು ಪಾತ್ರದ ಮುಖಕ್ಕೆ ಎಷ್ಟು ಬೆಲೆಯುಂಟೆಂಬುದು ಎಲೆ ಮಾಡುವವರಿಗೆ ಆಗ ವಿದಿತವಾಯಿತು. ಅದಕ್ಕಿಂತಲೂ ದೊಡ್ಡ ತಿರುವು ಬಂದುದು 1981ರಲ್ಲಿ. ಪಾಪಾಯ್ ಎಂಬ ಪ್ರಸಿದ್ಧ ನಾವಿಕನ ಪಾತ್ರವನ್ನಿಟ್ಟುಕೊಂಡು ಆಟವೊಂದನ್ನು ರಚಿಸಬೇಕೆಂದಿದ್ದ ಆ ಸಂಸ್ಥೆಗೆ ಅದರ ಹಕ್ಕು ದೊರೆಯದೆ ಹೋಗಲು, ಶಿಗೇರು ಮಿಯಾಮೋಟೊ ಎಂಬ ಯುವಕ ಕಲಾವಿದ ನಾವಿಕನ ಸ್ಥಾನದಲ್ಲಿ ಒಬ್ಬ ಬಡಗಿಯನ್ನೂ, ಅವನ ವೈರಿಯ ಸ್ಥಾನದಲ್ಲಿ ಒಂದು ಭಾರಿ ವಾನರವನ್ನೂ ತಾನೇ ಕಲ್ಪಿಸಿ 'ಡಾಂಕಿ ಕಾಂಗ್' ಎಂಬ ಆಟವನ್ನು ರಚಿಸಿದ. ಆ ಬಡಗಿಯೇ ಮುಂದೆ ಮಾರಿಯೋ ಆದದ್ದು. ಪರರ ಪಾತ್ರ ಸಿಕ್ಕಿದ್ದರೆ ತಮ್ಮದೊಂದು ಪಾತ್ರ ಹುಟ್ಟುತ್ತಿದ್ದಿತೆ ಎಂಬುದು ಯೋಚಿಸತಕ್ಕ ಮಾತು.

ಸ್ವಂತ ಪಾತ್ರವಿದ್ದರಷ್ಟೇ ಸಾಲದು, ಅದನ್ನು ಕಾಯುವ ಶ್ರದ್ಧೆಯೂ ಬೇಕೆಂಬುದಕ್ಕೂ ಇದೇ ಮಾರಿಯೋ ನಿದರ್ಶನ. 1989ರಲ್ಲಿ ಅಮೆರಿಕದಲ್ಲಿ ಮಾರಿಯೋನ ಟೆಲಿವಿಷನ್ ಕಾರ್ಯಕ್ರಮವೊಂದು ಬಂದಿತು. 1993ರಲ್ಲಿ ಅವನ ಚಲನಚಿತ್ರವನ್ನು ಹಾಲಿವುಡ್ಡಿನವರ ಕೈಗೊಪ್ಪಿಸಿ ಸಂಸ್ಥೆ ದೂರ ನಿಂತಿತು. ಆಟವನ್ನು ಬಲ್ಲವರಿಗೆ ತಮ್ಮ ಮಾರಿಯೋ ಆ ಚಿತ್ರದಲ್ಲಿ ಗುರುತೇ ಸಿಕ್ಕಲಿಲ್ಲ, ಚಿತ್ರ ನೆಲಕಚ್ಚಿತು. ಮತ್ತೆ ಮೂವತ್ತು ವರ್ಷಗಳ ಕಾಲ ಅವರು ತಮ್ಮ ನಾಯಕನನ್ನು ಬೆಳ್ಳಿತೆರೆಯ ಚಿತ್ರವೊಂದರ ನಾಯಕನಾಗಲು ಬಿಡಲಿಲ್ಲ. 2023ರಲ್ಲಿ ಇಲ್ಯೂಮಿನೇಷನ್ ಎಂಬ ಚಿತ್ರಶಾಲೆಯೊಡನೆ ಸೇರಿ ಮಾಡಿದ ಚಿತ್ರಕ್ಕೆ ಅದೇ ಮಿಯಾಮೋಟೊ ನಿರ್ಮಾಪಕರಲ್ಲೊಬ್ಬರಾಗಿದ್ದರು; ಅದು ಲೋಕಾದ್ಯಂತ ಗಳಿಸಿದುದು 130 ಕೋಟಿ ಡಾಲರಿಗೂ ಮಿಗಿಲು. ಸೋನಿಯೂ 2019ರಲ್ಲಿ ಪ್ಲೇಸ್ಟೇಷನ್ ಪ್ರೊಡಕ್ಷನ್ಸ್ ಎಂಬ ಶಾಖೆಯನ್ನು ತೆರೆದು, 'ದಿ ಲಾಸ್ಟ್ ಆಫ್ ಅಸ್' ಎಂಬ ಆಟವನ್ನು ರಚಿಸಿದ ನೀಲ್ ಡ್ರಕ್‌ಮನ್ ಅವರನ್ನೂ 'ಚೆರ್ನೋಬಿಲ್' ಧಾರಾವಾಹಿಯನ್ನು ಬರೆದ ಕ್ರೇಗ್ ಮೇಜಿನ್ ಅವರನ್ನೂ ಒಂದೇ ಮೇಜಿನ ಮುಂದೆ ಕೂರಿಸಿತು. ಅದರಿಂದ ಹೊರಟ ಅದೇ ಹೆಸರಿನ ಧಾರಾವಾಹಿ 2023ರಲ್ಲಿ ಎಚ್.ಬಿ.ಒ.ದಲ್ಲಿ ಪ್ರಸಾರವಾಗಿ, ಎಮ್ಮಿ ಪ್ರಶಸ್ತಿಗೆ 24 ನಾಮಾಂಕನಗಳನ್ನು ಪಡೆದು 8ನ್ನು ಗೆದ್ದಿತು. ಈ ಬಾರಿ ಯಾರೂ ಪೆಟ್ಟಿಗೆಯನ್ನು ಕೊಂಡೇ ನೋಡಬೇಕೆಂದು ಕಟ್ಟುಮಾಡಲಿಲ್ಲ.

ಕ್ಯೋತೋವಿನ ಎಲೆಗಾರರನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಮೈಸೂರಿನ ಗಂಜೀಫಾ ಎಂಬ ಎಲೆಯಾಟದ ಕಡೆಗೆ ಹರಿಯುತ್ತದೆ. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಆಟಗಳ ವಿಷಯದಲ್ಲಿ ಕೇವಲ ಆಶ್ರಯದಾತರಲ್ಲ, ಸ್ವತಃ ಶಾಸ್ತ್ರಕಾರರು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡನೆಯ ಬಾರಿ ತುಳಿಯದೆ 64 ಮನೆಗಳನ್ನೂ ಸುತ್ತಿಬರುವ ಬಂಧಗಳನ್ನು ಅವರು ರಚಿಸಿದ್ದರು. ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ, ಎಲೆಗಳಿಂದ ಆಡುವ 13 ಬಗೆಯ ಛದಗಳೆಂಬ ಆಟಗಳು ನಿರೂಪಿತವಾಗಿವೆ. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆಗಳು ಬೇಕು. ಹನಾಫುದಾದ ಎಲೆಯ ಮೇಲಿರುವುದು ಹೂವೊ ಹಕ್ಕಿಯೊ ಆದರೆ, ಗಂಜೀಫಾದ ಎಲೆಯ ಮೇಲಿರುವುದು ಒಂದು ಪುರಾಣಪ್ರಪಂಚ. ದಶಾವತಾರದ ಕಟ್ಟನ್ನೇ ನೋಡಿ: ಹತ್ತು ಅವತಾರಗಳಿಗೆ ಹನ್ನೆರಡು ಹನ್ನೆರಡರಂತೆ 120 ದುಂಡನೆಯ ಎಲೆಗಳು, ಪ್ರತಿಯೊಂದು ಅವತಾರಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಮತ್ತು ಮೀನು, ಆಮೆ, ಶಂಖ, ಕೊಡಲಿ ಮೊದಲಾದ ಲಾಂಛನಗಳನ್ನು ಒಂದರಿಂದ ಹತ್ತರವರೆಗೆ ಬರೆದ ಎಲೆಗಳು. ಅಳಿಲಿನ ಬಾಲದ ಕೂದಲಿನಷ್ಟು ನವುರಾದ ಕುಂಚದಿಂದ ಬರೆದ ಆ ಅಂಗೈಯಗಲದ ವೃತ್ತದೊಳಗೆ ರಾಜನ ಕಿರೀಟದ ಮಣಿಗಳನ್ನೂ ಎಣಿಸಬಹುದು. ಹಗಲಿನಲ್ಲಿ ಆಡಿದರೆ ರಾಮನ ಎಲೆ ಆಟವನ್ನು ಆರಂಭಿಸತಕ್ಕದ್ದು, ರಾತ್ರಿಯಲ್ಲಿ ಆಡಿದರೆ ಕೃಷ್ಣನದು. ಆಟದ ನಿಯಮ ಕಾಲದೊಡನೆ ಬದಲಾಗುವ ಇಂಥ ಸೂಕ್ಷ್ಮವಾದ ಕಲ್ಪನೆಯನ್ನು ಇಂದಿನ ಯಾವ ಆಟದ ರಚನಕಾರನೂ ಆಸೆಯ ಕಣ್ಣುಗಳಿಂದ ನೋಡಿಯಾನು.

ಈ ಕಲೆ ನಾಶವಾಗಲಿಲ್ಲವೆಂಬುದು ನಮ್ಮ ಪುಣ್ಯ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಅದಕ್ಕೆ ಮರುಜೀವ ಕೊಟ್ಟರು. ಮೃಗಾಲಯದ ಎದುರಿಗಿರುವ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾ ಕೌಶಲ್ಯ'ವೆಂಬ ಪ್ರದರ್ಶನಗಳ ಮೂಲಕ ಪಗಡೆ, ಚೌಕಾಬಾರ, ಅಳಗುಳಿಮಣೆಗಳನ್ನು ಮತ್ತೆ ಮನೆಗಳಿಗೆ ಒಯ್ದಿದ್ದಾರೆ. ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಆದರೆ ಗಂಜೀಫಾ ಇಂದು ಚೌಕಟ್ಟಿನೊಳಗೆ ಗೋಡೆಯ ಮೇಲೆ ತೂಗುವ ಚಿತ್ರವಾಗಿದೆಯೇ ಹೊರತು ಕೈಯಲ್ಲಿ ಹಿಡಿದು ಆಡುವ ಎಲೆಯಾಗಿಲ್ಲ. ಅರಮನೆಯ ಆಟ ಅಂಗಡಿಯ ಸರಕಾಗದೆ ಉಳಿದುದೂ, ಅಚ್ಚಿನ ಅಗ್ಗದ ಇಸ್ಪೀಟು ಅಗ್ರಹಾರದ ಜಗಲಿಯವರೆಗೂ ಬಂದುದೂ ಅದಕ್ಕೆ ಕಾರಣಗಳು.

ಕೈಚಳಕದ ಕೊರತೆಯಂತೂ ಕನ್ನಡ ನಾಡಿನಲ್ಲಿ ಇಲ್ಲ. 1997ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್, ಭಾರತದ ಮೊದಮೊದಲ ಆಟ ತಯಾರಿಕೆಯ ಸಂಸ್ಥೆಗಳಲ್ಲೊಂದು. ಎಕ್ಸ್‌ಬಾಕ್ಸಿನ 'ಫೋರ್ಜಾ' ಆಟಗಳಲ್ಲಿ ಓಡುವ ಕಾರುಗಳ ರಚನೆಯಲ್ಲಿ ಅಲ್ಲಿಯ ಕಲಾವಿದರ ಪರಿಶ್ರಮವೂ ಸೇರಿದೆ. ಆ ಸಂಸ್ಥೆ ಮೊದಲು ಸ್ವೀಡನ್ನಿನ ಸ್ಟಾರ್‌ಬ್ರೀಜ್‌ಗೂ, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಗೇಮ್ಸಿಗೂ ಸೇರಿತು. ಅನಿಮೇಷನ್, ಆಟ ಮತ್ತು ಕಾಮಿಕ್ಸುಗಳಿಗಾಗಿಯೇ ಪ್ರತ್ಯೇಕ ನೀತಿಯೊಂದನ್ನು 2012ರಲ್ಲಿಯೇ ಮಾಡಿದ ಹಿರಿಮೆ ಕರ್ನಾಟಕ ಸರ್ಕಾರದ್ದು. ಅದರ ನೆರಳಿನಲ್ಲಿ ಸಾವಿರಾರು ತರುಣರಿಗೆ ಉದ್ಯೋಗ ದೊರೆತುದು ಸಣ್ಣ ಸಂಗತಿಯಲ್ಲ. ಆದರೆ 2025ರ ಫೆಬ್ರವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಂಸ್ಥೆ ಕುಸಿದುಬಿದ್ದಾಗ, ಲೋಕವೆಲ್ಲ ನೋಡಿ ಮೆಚ್ಚಿದ ಚಿತ್ರಗಳಿಗೂ ಧಾರಾವಾಹಿಗಳಿಗೂ ಕೈ ಸವೆಸಿದ ಅದರ ಬೆಂಗಳೂರಿನ ಕಲಾವಿದರು ಕೆಲಸವನ್ನು ಕಳೆದುಕೊಂಡು ಹೊರಬಿದ್ದರು. ಅವರು ಬರೆದ ಒಂದು ಪಾತ್ರವಾದರೂ ಅವರೊಡನೆ ಹೊರಕ್ಕೆ ಬರುವಂತಿರಲಿಲ್ಲ. ಕೂಲಿಯ ಕರಾರಿನಲ್ಲಿ ಗೆರೆ ನಮ್ಮದು, ಬಣ್ಣ ನಮ್ಮದು, ಪಾತ್ರ ಮಾತ್ರ ಬರೆಯಿಸಿದವನದು.

ಸರ್ಕಾರ ಈ ಉದ್ಯಮಕ್ಕೆ ಕೊಡುವ ಸಹಾಯಧನದಲ್ಲಿ ಒಂದು ಪಾಲನ್ನು, ತಾವು ಸೃಜಿಸಿದ ಪಾತ್ರದ ಸ್ವಾಮ್ಯವನ್ನು ತಮ್ಮಲ್ಲಿಯೇ ಉಳಿಸಿಕೊಳ್ಳುವೆವೆಂದು ಬರೆದುಕೊಡುವ ಕನ್ನಡದ ತಂಡಗಳಿಗೆಂದೇ ಮೀಸಲಿಡಬೇಕು. ಮೈಸೂರಿನಲ್ಲಿ ಅಂಥ ಒಂದು ತಂಡಕ್ಕೆ ಬೇಕಾದವರೆಲ್ಲರೂ ಇದ್ದಾರೆ: ಕೌತುಕನಿಧಿಯನ್ನು ಓದಿ ನಿಯಮಗಳನ್ನು ಬಿಡಿಸಿ ಹೇಳಬಲ್ಲ ವಿದ್ವಾಂಸರು, ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ ಕಲಿತ ಚಿತ್ರಕಾರರು, ಎಂಜಿನಿಯರಿಂಗ್ ಕಾಲೇಜುಗಳಿಂದ ವರ್ಷವರ್ಷವೂ ಹೊರಬರುವ ಪ್ರೋಗ್ರಾಮರುಗಳು, ರಂಗಾಯಣದಲ್ಲಿ ನುಡಿ ಪಳಗಿಸಿದ ನಟರು. 13 ಛದಗಳಲ್ಲಿ ಯಾವುದಾದರೊಂದನ್ನು ಮೊದಲು ಆಡುವ ಆಟವನ್ನಾಗಿ ಮಾಡಿ, ಅದು ಜನಕ್ಕೆ ಹಿಡಿಸಿದ ಮೇಲೆ ಅದರ ರಾಜಮಂತ್ರಿಗಳನ್ನು ಕನ್ನಡದ ಧಾರಾವಾಹಿಯೊಂದಕ್ಕೆ ತರುವ ಕೆಲಸವನ್ನು ಇವರು ಒಂದೆಡೆ ಕುಳಿತು ಆರಂಭಿಸಬಹುದು. ಅದಕ್ಕೆ ಯಾವ ಪರದೇಶದವರ ಅನುಮತಿಯೂ ಬೇಕಾಗಿಲ್ಲ.