ಕಸವು ಹುಟ್ಟುವುದು ಸಂತೆಯಲ್ಲಿ



ಕಸವೆಂದರೆ ಏನು? ಮನೆಯಿಂದ ಹೊರಗೆ ಹಾಕತಕ್ಕದ್ದೆಲ್ಲವೂ ಕಸವೆಂದು ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಸ್ವಲ್ಪ ವಿಚಾರ ಮಾಡಿ ನೋಡಿರಿ. ಇಂದು ತಿಪ್ಪೆಯನ್ನು ಸೇರಿದ ಕೊಳೆತ ಟೊಮ್ಯಾಟೊ, ಬಾಡಿದ ಕೊತ್ತಂಬರಿ ಕಟ್ಟು, ಹರಿದ ಪ್ಲಾಸ್ಟಿಕ್ ಚೀಲ, ಇವೆಲ್ಲವೂ ನಾಲ್ಕು ದಿನಗಳ ಹಿಂದೆ ಪದಾರ್ಥಗಳೇ ಆಗಿದ್ದವು. ನೀವೇ ಹಣ ಕೊಟ್ಟು, ನಿಮ್ಮ ಕೈಯಲ್ಲಿಯೇ ಹಿಡಿದು ಮನೆಗೆ ತಂದವುಗಳಾಗಿದ್ದವು. ಅಂದಮೇಲೆ ಕಸವು ಹುಟ್ಟಿದ್ದು ತಿಪ್ಪೆಯಲ್ಲಲ್ಲ. ಅದು ಹುಟ್ಟಿದ್ದು ಸಂತೆಯಲ್ಲಿ, ಅಂಗಡಿಯ ಕಟ್ಟೆಯ ಮುಂದೆ.

ಸಂಸ್ಕೃತದಲ್ಲಿ ಪಂಕಪ್ರಕ್ಷಾಲನ ನ್ಯಾಯವೆಂಬುದೊಂದು ಉಂಟು. ಕೆಸರನ್ನು ತುಳಿದು ಅನಂತರ ಕಾಲು ತೊಳೆದುಕೊಳ್ಳುವುದಕ್ಕಿಂತ, ಕೆಸರಿನಿಂದ ದೂರವಾಗಿ ನಡೆಯುವುದೇ ಲೇಸು ಎಂಬುದು ಅದರ ತಾತ್ಪರ್ಯ. ಇಂದು ನಾವು ಮಾಡುತ್ತಿರುವುದೇನು? ಮೊದಲು ಕೆಸರನ್ನು ಕೊಂಡು ತರುವುದು, ಆಮೇಲೆ ತೊಳೆಯುವ ಉಪಾಯವನ್ನು ಹುಡುಕುವುದು. ಹಸಿಕಸ, ಒಣಕಸ, ಅಪಾಯಕಾರಿ ಕಸ ಎಂದು ಮನೆಯಲ್ಲಿಯೇ ಬೇರ್ಪಡಿಸಬೇಕೆಂದು 2016ರ ನಿಯಮಗಳು ಹೇಳಿದವು. ಅದು ಅವಶ್ಯವಾಗಿ ಆಗಬೇಕಾದ ಕೆಲಸ. ಆದರೂ ಅದು ಕಾಲು ತೊಳೆಯುವ ಕೆಲಸ. ಕೆಸರನ್ನು ತುಳಿಯದಿರುವುದು ಕೊಳ್ಳುವವನ ಕೈಯಲ್ಲಿದೆ.

'ನಮ್ಮ ಹಣ, ನಮ್ಮ ಮನೆ. ಎಷ್ಟು ಕೊಂಡರೇನು, ಎಷ್ಟು ಚೆಲ್ಲಿದರೇನು?' ಎಂದು ಕೇಳುವವರಿದ್ದಾರೆ. ಚೆಲ್ಲಿದ ಕಸವು ಎಲ್ಲಿಗೆ ಹೋಯಿತೆಂದು ಅವರು ನೋಡಿಲ್ಲ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರು ಎಂಬ ಹಳ್ಳಿಗಳ ಬಳಿ ಸುರಿದರು. ಅಲ್ಲಿಯ ಜನ ದುರ್ವಾಸನೆಯನ್ನು ಉಂಡರು, ನೊಣಗಳೊಡನೆ ಬಾಳಿದರು, ನೀರು ಕೆಟ್ಟಿತೆಂದು ಗೋಳಿಟ್ಟರು. 2012ರಲ್ಲಿ ಮಾವಳ್ಳಿಪುರದಲ್ಲಿ ಸುರಿಯುವುದು ನಿಂತಾಗ ನಗರದ ಬೀದಿಗಳಲ್ಲಿಯೇ ಕಸವು ರಾಶಿಯಾಯಿತು. ಮಂಡೂರಿನವರು ಹೋರಾಟ ಮಾಡಿದ ಮೇಲೆ 2014ರ ಕೊನೆಗೆ ಅಲ್ಲಿಯೂ ನಿಂತಿತು. ಆ ಹಳ್ಳಿಯವರು ಆ ಪದಾರ್ಥಗಳನ್ನು ಕೊಂಡವರಲ್ಲ, ಉಂಡವರಲ್ಲ, ಉಟ್ಟವರಲ್ಲ. ಭೋಗ ಒಬ್ಬರದು, ದುರ್ಗಂಧ ಇನ್ನೊಬ್ಬರದು! ಇದು ಧರ್ಮವೇ? ನೀವೇ ಹೇಳಿರಿ.

ಮನೆಯ ಕಸದಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಅನ್ನದ ಕಸ. ವಿಶ್ವಸಂಸ್ಥೆಯ ಪರಿಸರ ವಿಭಾಗವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 100 ಕೋಟಿ ಟನ್ನಿಗೂ ಮೀರಿ ಆಹಾರ ವ್ಯರ್ಥವಾಯಿತು. ಅದರಲ್ಲಿ ನೂರಕ್ಕೆ 60 ಪಾಲು ಮನೆಗಳಿಂದಲೇ ಹೊರಬಿದ್ದದ್ದು. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅಂದಾಜು. ಐದು ಜನರ ಸಂಸಾರಕ್ಕೆ ಎರಡು ಮುಕ್ಕಾಲು ಕ್ವಿಂಟಲ್ ಆಯಿತು! ಸಿಪ್ಪೆ, ಬೀಜಗಳೂ ಇದರಲ್ಲಿ ಸೇರಿವೆ, ನಿಜ. ಆದರೆ ಉಣ್ಣಬಹುದಾದ ಅನ್ನವೂ ಸೇರಿದೆ. ಈ ಕಸವು ದೊಡ್ಡ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಎಂಬ ಅನಿಲ ಹೊರಡುತ್ತದೆ. ಭೂಮಿಯ ತಾಪವನ್ನು ಹೆಚ್ಚಿಸುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಅನೇಕ ಪಟ್ಟು ಪ್ರಬಲವಾದುದು. ಅನ್ನವನ್ನು ಪ್ರಸಾದವೆಂದು ಸ್ವೀಕರಿಸಿ, ತಟ್ಟೆ ತೊಳೆದ ನೀರನ್ನೂ ಚೆಲ್ಲದೆ ಕುಡಿಯುವ ಹಿರಿಯರು ನಿಮ್ಮ ಮನೆಗಳಲ್ಲಿಯೇ ಇದ್ದಾರೆ. ತಟ್ಟೆಯಲ್ಲಿ ಅಗುಳು ಬಿಡದ ಮನೆಯಲ್ಲಿ ಫ್ರಿಜ್ಜಿನೊಳಗೆ ಕಾಯಿಪಲ್ಯ ಕೊಳೆತರೆ, ಆ ಪ್ರಸಾದಭಾವ ಪೂರ್ಣವಾಯಿತೇ? ಪ್ರಸಾದಬುದ್ಧಿಯು ತಟ್ಟೆಯ ಮುಂದೆ ಹುಟ್ಟಿದರೆ ಸಾಲದು, ಸಂತೆಯಲ್ಲಿಯೇ ಹುಟ್ಟಬೇಕು.

ಎರಡನೆಯದು ಹೊದಿಕೆಯ ಕಸ. ಒಂದು ಸಣ್ಣ ಶ್ಯಾಂಪೂ ಚೀಟಿ ಅಥವಾ ಕುರುಕಲು ತಿಂಡಿಯ ಪೊಟ್ಟಣವನ್ನು ನೋಡಿರಿ. ಬಗೆಬಗೆಯ ಪ್ಲಾಸ್ಟಿಕ್ ಪದರಗಳನ್ನೂ, ಬಹಳಷ್ಟರಲ್ಲಿ ಅಲ್ಯೂಮಿನಿಯಂ ಪದರವನ್ನೂ ಅದರಲ್ಲಿ ಒಂದರ ಮೇಲೊಂದು ಅಂಟಿಸಿರುತ್ತಾರೆ. ಅವುಗಳನ್ನು ಬಿಡಿಸುವುದು ಕಷ್ಟವಾದುದರಿಂದ ಗುಜರಿಯವನೂ ಕೊಳ್ಳುವುದಿಲ್ಲ. ಬೀದಿಗೆ ಬಿದ್ದ ಚೀಲವನ್ನು ಒಳಗಿನ ಅನ್ನದ ಆಸೆಗೆ ಗೋಮಾತೆಯು ನುಂಗುತ್ತಾಳೆ. ಅವಳ ಹೊಟ್ಟೆಯನ್ನು ಕೊಯ್ದು ಪಶುವೈದ್ಯರು ಕಿಲೋಗಟ್ಟಲೆ ಪ್ಲಾಸ್ಟಿಕ್ ತೆಗೆದದ್ದುಂಟು. ಕೆಲವು ತಾಯಂದಿರು ಇದನ್ನು ಬಚ್ಚಲ ಒಲೆಗೆ ಹಾಕಿ ನೀರು ಕಾಯಿಸುತ್ತಾರೆ. ಆ ಹೊಗೆಯಲ್ಲಿ ವಿಷವಿದೆ. ಅದನ್ನು ಮೊದಲು ಕುಡಿಯುವುದು ನಿಮ್ಮ ಮಕ್ಕಳ ಶ್ವಾಸಕೋಶ. ನಮ್ಮ ರಾಜ್ಯದಲ್ಲಿ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದರು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಲ್ಲೆಲ್ಲ ನಿಷೇಧ ಬಂದಿತು. ಆದರೂ ಅವು ಸಿಗುತ್ತಿವೆ. ಏಕೆ? ಕೇಳುವವರಿರುವುದರಿಂದ. ಶಾಸನವು ಅಂಗಡಿಯ ಬಾಗಿಲವರೆಗೆ ಬರಬಲ್ಲುದು, ನಿಮ್ಮ ಮನಸ್ಸಿನ ಬಾಗಿಲನ್ನು ನೀವೇ ಕಾಯಬೇಕು.

ಹಾಗಾದರೆ ಕೊಳ್ಳುವ ಕ್ರಮ ಯಾವುದು?

ಮೊದಲನೆಯದಾಗಿ, ಸಂತೆಗೆ ಹೊರಡುವ ಮುನ್ನ ಅಡುಗೆಮನೆಯನ್ನು ನೋಡಿರಿ. ಡಬ್ಬಿಯಲ್ಲಿ ಏನಿದೆ, ಏನು ತೀರಿದೆ ಎಂದು ಚೀಟಿ ಬರೆದುಕೊಂಡು ಹೊರಡಿರಿ. ಹಸಿವೆಯಾದಾಗ ಸಂತೆಗೆ ಹೋಗಬೇಡಿರಿ. ಹಸಿದ ಕಣ್ಣಿಗೆ ಕಂಡದ್ದೆಲ್ಲವೂ ಬೇಕಾಗುತ್ತದೆ. 'ಒಂದು ಕೊಂಡರೆ ಒಂದು ಉಚಿತ' ಎಂಬ ಮಾತಿಗೆ ಮರುಳಾಗಬೇಡಿರಿ. ಬೇಡವಾದ ವಸ್ತು ಉಚಿತವಾಗಿ ಬಂದರೂ ಕಸವೇ.

ಎರಡನೆಯದಾಗಿ, ಚೀಲವನ್ನು ಮನೆಯಿಂದ ಒಯ್ಯಿರಿ. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಬಟ್ಟೆಯ ಚೀಲವಾದರೆ ಸಾಕು, ಎಷ್ಟಾದರೂ ಕೊಳ್ಳಬಹುದೆಂದು ಕೆಲವರು ಭಾವಿಸುತ್ತಾರೆ. ಹತ್ತಿ ಬೆಳೆಯಲು, ನೂಲಲು, ನೇಯಲು ನೀರೂ ಶಕ್ತಿಯೂ ಬಹಳ ಖರ್ಚಾಗುತ್ತವೆ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲಕ್ಕಿಂತ ಭೂಮಿಯ ತಾಪದ ಲೆಕ್ಕದಲ್ಲಿ ಮೇಲೆನಿಸಬೇಕಾದರೆ ಒಂದು ಹತ್ತಿಯ ಚೀಲವನ್ನು 131 ಸಲವಾದರೂ ಬಳಸಬೇಕೆಂದು ಇಂಗ್ಲೆಂಡಿನ ಪರಿಸರ ಇಲಾಖೆಯು 2011ರಲ್ಲಿ ಪ್ರಕಟಿಸಿದ ಅಧ್ಯಯನವು ಹೇಳಿತು. ಆದುದರಿಂದ ಹೊಸ ಚೀಲ ಬೇಡ. ಹಳೆಯ ಸೀರೆ, ಹಳೆಯ ಧೋತರ ಹೊಲಿದು ಚೀಲ ಮಾಡಿರಿ. ಅದು ಹರಿಯುವವರೆಗೆ ಬಳಸಿರಿ, ಹರಿದರೆ ತೇಪೆ ಹಾಕಿರಿ.

ಮೂರನೆಯದಾಗಿ, ಎಣ್ಣೆಗೆ ಡಬ್ಬಿ, ಬೇಳೆಗೆ ಚೀಲ ಒಯ್ದು ಅಳೆದು ತೂಗಿ ತರುವ ಪದ್ಧತಿ ಸಾಧ್ಯವಿದ್ದಲ್ಲಿ ಉಳಿಯಲಿ. ಹಿಂದಿನದೆಲ್ಲವೂ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಹಳೆಯ ಪತ್ರಿಕೆಯ ಕಾಗದದಲ್ಲಿ ಬಿಸಿ ಭಜಿ ಕಟ್ಟಿಸಿಕೊಂಡರೆ ಮಸಿಯು ಹೊಟ್ಟೆ ಸೇರುತ್ತದೆ. ಹಾಗೆ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ಎಚ್ಚರಿಸಿತು. ಮುತ್ತುಗದ ಪತ್ರಾವಳಿ, ಬಾಳೆಯೆಲೆಗಳಿಗೆ ಈ ದೋಷವಿಲ್ಲ; ಉಂಡ ಮೇಲೆ ಅವು ಗೊಬ್ಬರವಾಗುತ್ತವೆ. ಕಾಗದದ ಲೋಟವೆಂದು ಮಾರುವುದರ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳು ಲೇಪವಿರುತ್ತದೆ. ಮದುವೆ, ಗೃಹಪ್ರವೇಶಗಳನ್ನು ಮಾಡುವವರು ಇದನ್ನು ನೆನಪಿಡಿರಿ. ಸ್ಟೀಲಿನ ಲೋಟಗಳನ್ನು ಬಾಡಿಗೆಗೆ ತಂದರೆ ಮರ್ಯಾದೆಗೆ ಕುಂದಿಲ್ಲ.

ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ದಿನಗೂಲಿ ಮಾಡುವ ತಾಯಿ ಎರಡು ರೂಪಾಯಿಯ ಚೀಟಿ ಕೊಂಡರೆ ಅವಳನ್ನು ಯಾರೂ ದೂಷಿಸಬಾರದು. ದೊಡ್ಡ ಬಾಟಲಿಗೆ ಬೇಕಾದ ಹಣ ಅವಳ ಕೈಯಲ್ಲಿ ಒಮ್ಮೆಲೆ ಇರುವುದಿಲ್ಲ. ಈ ಉಪದೇಶವು ಮುಖ್ಯವಾಗಿ ಉಳ್ಳವರಿಗೆ, ಬೇಕಾದದ್ದಕ್ಕಿಂತ ಹೆಚ್ಚು ಕೊಳ್ಳಬಲ್ಲವರಿಗೆ. ಕಸವನ್ನು ಹೆಚ್ಚಾಗಿ ಮಾಡುವವರು ಅವರೇ, ಬಿಡಲು ಸುಲಭವಾಗುವುದೂ ಅವರಿಗೇ.

ಗಳಿಕೆಯು ಶುದ್ಧವಾಗಿರಬೇಕೆಂದು ಕಾಯಕತತ್ತ್ವ ಹೇಳುತ್ತದೆ. ಗಳಿಸಿದ್ದನ್ನು ವೆಚ್ಚಮಾಡುವ ರೀತಿಯೂ ಅಷ್ಟೇ ಶುದ್ಧವಾಗಿರಬೇಕು. ಸತ್ಯಶುದ್ಧವಾಗಿ ದುಡಿದ ಹಣದಿಂದ ಪರರ ಊರಿನ ಬಾವಿಯನ್ನು ಕೆಡಿಸಿದರೆ, ಆ ದುಡಿಮೆಯ ಪುಣ್ಯವು ಸೋರಿಹೋದಂತೆಯೇ ಸರಿ. ಬೇಡದ್ದನ್ನು ಕೊಳ್ಳದೆ ಉಳಿದ ಹಣವು ದಾಸೋಹಕ್ಕೆ ಸಂದರೆ, ಅದೇ ಹಣ ಹಸಿದವನ ಅನ್ನವಾಗುತ್ತದೆ.

ಎಲ್ಲವನ್ನೂ ಒಂದೇ ದಿನದಲ್ಲಿ ಮಾಡಿರೆಂದು ನಾವು ಹೇಳುತ್ತಿಲ್ಲ. ಬರುವ ಸಂತೆಗೆ ಒಂದು ಚೀಲ, ಒಂದು ಚೀಟಿ, ಇಷ್ಟನ್ನು ಒಯ್ಯಿರಿ. ಕೈಗೆ ಬಂದ ಪ್ರತಿಯೊಂದು ವಸ್ತುವನ್ನು ಕುರಿತು, 'ಇದು ನನಗೆ ಬೇಕೆ? ಬಳಸಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ?' ಎಂದು ಕೇಳಿಕೊಳ್ಳಿರಿ. ಎರಡನೆಯ ಪ್ರಶ್ನೆಗೆ ಉತ್ತರ ತೋಚದಿದ್ದರೆ, ಆ ವಸ್ತುವನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿರಿ. ನಿಮ್ಮ ಮನೆಯೂ ನೆರೆಯ ಊರೂ ಏಕಕಾಲಕ್ಕೆ ನಿರ್ಮಲವಾಗಲಿ ಎಂದು ಹರಸುತ್ತೇವೆ.