ಹತ್ತೊಂಬತ್ತು ಪಿನ್ನು, ನಾಲ್ಕು ಜೋಡಿ ತಂತಿ

ಮೂತಿ ಮುರಿದಿದ್ದ ಹಳೆಯ ಎಚ್‌ಡಿಎಂಐ ಕೇಬಲ್ಲೊಂದನ್ನು ಕಳೆದ ಭಾನುವಾರ ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಕಪ್ಪು ಪ್ಲಾಸ್ಟಿಕ್ ಸಿಪ್ಪೆಯ ಕೆಳಗೆ ಜಡೆಯಂತೆ ಹೆಣೆದ ಲೋಹದ ಎಳೆಗಳ ಬಲೆ. ಅದರೊಳಗೆ ಚಾಕೊಲೇಟ್ ಸುತ್ತುವಂಥ ಹೊಳೆಯುವ ಹಾಳೆ. ಅದನ್ನೂ ಬಿಚ್ಚಿದರೆ ಪ್ರತ್ಯೇಕವಾಗಿ ಹಾಳೆ ಸುತ್ತಿಕೊಂಡ ನಾಲ್ಕು ಜೋಡಿ ತಂತಿಗಳು, ಪಕ್ಕದಲ್ಲಿ ಸಪೂರವಾದ ಕೆಲವು ಒಂಟಿ ತಂತಿಗಳು.

ಸೀಳಲು ಕಾರಣ ಅಕ್ಕನ ಫೋನು. ತೀರ್ಥಹಳ್ಳಿಯ ಹತ್ತಿರದ ಅವಳ ಮನೆಗೆ 55 ಇಂಚಿನ ಟಿವಿ ಕೊಳ್ಳಲು ಭಾವನ ಜೊತೆ ಶಿವಮೊಗ್ಗಕ್ಕೆ ಹೋಗಿದ್ದಳು. ಬಿಲ್ ಮಾಡುವ ಹೊತ್ತಿಗೆ ಅಂಗಡಿಯ ಹುಡುಗ, “ಮೇಡಂ, ಇಷ್ಟು ಒಳ್ಳೆ ಟಿವಿಗೆ ಬಾಕ್ಸ್ ಜೊತೆ ಬರೋ ಕೇಬಲ್ ಹಾಕಿದ್ರೆ ಕಲರ್ ಸರಿಯಾಗಿ ಬರಲ್ಲ. ಇದು ಗೋಲ್ಡ್ ಪ್ಲೇಟೆಡ್, 3,800 ರೂಪಾಯಿ” ಎಂದನಂತೆ. “ತಗೊಳ್ಳದಾ, ಬೇಡ್ವಾ?” ಎಂದು ಕೇಳಿದಳು. ಬೇಡ ಎಂದೆ. ಯಾಕೆ ಬೇಡ ಎಂದು ಆಗ ಫೋನಿನಲ್ಲಿ ವಿವರಿಸಲಾಗಲಿಲ್ಲ.

ಸೋನಿ, ಫಿಲಿಪ್ಸ್, ತೋಷಿಬಾ, ಹಿಟಾಚಿ ಸೇರಿದಂತೆ ಏಳು ಕಂಪನಿಗಳು ಒಟ್ಟಾಗಿ 2002ರಲ್ಲಿ ರೂಪಿಸಿದ ಜೋಡಣೆ ಈ ಎಚ್‌ಡಿಎಂಐ. ಮೂತಿಯಲ್ಲಿ 19 ಪಿನ್ನುಗಳು. ಒಂಟಿ ತಂತಿಗಳಲ್ಲಿ ನಡೆಯುವುದು ಬರಿಯ ಮಾತುಕತೆ: ತನ್ನ ಪರದೆಯಲ್ಲಿ ಎಷ್ಟು ಚುಕ್ಕಿಗಳಿವೆ, ತಾನು ಏನನ್ನು ತೋರಿಸಬಲ್ಲೆ ಎಂದು ಟಿವಿ ಸೆಟ್‌ಟಾಪ್ ಬಾಕ್ಸಿಗೆ ತಿಳಿಸುವುದು ಇವುಗಳ ಮೂಲಕ. ಚಿತ್ರ ಮತ್ತು ಧ್ವನಿ ಹರಿಯುವುದು ಆ ನಾಲ್ಕು ಜೋಡಿಗಳಲ್ಲಿ. ಒಂದೊಂದು ಜೋಡಿಯೂ ಒಂದು ತಕ್ಕಡಿ. ಒಂದು ತಂತಿಯಲ್ಲಿ ವೋಲ್ಟೇಜ್ ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತದೆ. ಟಿವಿ ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಪಕ್ಕದಲ್ಲಿ ಮಿಕ್ಸಿ ತಿರುಗಿತು, ಮೊಬೈಲ್ ರಿಂಗಾಯಿತು ಎನ್ನಿ. ಆ ಗಲಭೆ ಎರಡೂ ತಂತಿಗಳಿಗೆ ಸಮನಾಗಿ ತಟ್ಟುತ್ತದೆ. ಎರಡು ತಟ್ಟೆಗೂ ಒಂದೇ ತೂಕದ ಧೂಳು ಬಿದ್ದರೆ ತಕ್ಕಡಿಯ ಮುಳ್ಳು ಅಲುಗುವುದಿಲ್ಲವಲ್ಲ, ಹಾಗೆಯೇ ಇದು. ಈ ಉಪಾಯ ಇನ್ನೂರು ರೂಪಾಯಿಯ ಕೇಬಲ್ಲಿನಲ್ಲೂ ಇದೆ.

ಆ ತಂತಿಗಳಲ್ಲಿ ಓಡುವ ಸಂಖ್ಯೆಗಳ ರಾಶಿಯನ್ನು ಲೆಕ್ಕ ಹಾಕಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ. 4ಕೆ ಪರದೆಯಲ್ಲಿ ಅಡ್ಡಕ್ಕೆ 3,840, ಉದ್ದಕ್ಕೆ 2,160, ಒಟ್ಟು ಸುಮಾರು 83 ಲಕ್ಷ ಚುಕ್ಕಿಗಳು. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿಯ ಮೂರು ಸಂಖ್ಯೆ. ಇಡೀ ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕು. ಸಾಗಣೆಯ ಭದ್ರತೆಗೆ ಪ್ರತಿ 8 ಬಿಟ್ಟನ್ನು 10 ಬಿಟ್ಟಾಗಿ ಹಿಗ್ಗಿಸಿ ಕಳಿಸುವುದೂ, ಸಾಲು ಸಾಲಿನ, ಚಿತ್ರ ಚಿತ್ರದ ನಡುವಿನ ಬಿಡುವೂ ಸೇರಿದರೆ ಸೆಕೆಂಡಿಗೆ ಸುಮಾರು 1,800 ಕೋಟಿ ಬಿಟ್. ಮೂರು ಜೋಡಿಗಳು ಹಂಚಿಕೊಂಡರೆ ತಲಾ 600 ಕೋಟಿ. ನಾಲ್ಕನೆಯ ಜೋಡಿ ತಾಳ ಹಾಕುತ್ತದೆ. ತಂತಿಯಲ್ಲಿ ಸಂಕೇತದ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್. ಭಾಗಿಸಿ ನೋಡಿ, ಒಂದು ಬಿಟ್ ಹೊರಟು ಸುಮಾರು 3.3 ಸೆಂಟಿಮೀಟರ್ ಹೋಗುವಷ್ಟರಲ್ಲಿ ಮುಂದಿನದು ಹೊರಟಿರುತ್ತದೆ. ಒಂದೂವರೆ ಮೀಟರ್ ಕೇಬಲ್ಲಿನ ಒಂದೊಂದು ಜೋಡಿಯೊಳಗೂ ಯಾವುದೇ ಗಳಿಗೆಯಲ್ಲಿ ನಲವತ್ತಕ್ಕೂ ಹೆಚ್ಚು ಬಿಟ್‌ಗಳು ಇರುವೆ ಸಾಲಿನಂತೆ ಒಂದರ ಹಿಂದೆ ಒಂದು ನಡೆದಿರುತ್ತವೆ.

ಒಳ್ಳೆಯ ತಂತಿಯಿಂದ ಒಳ್ಳೆಯ ಚಿತ್ರ ಎಂಬ ನಂಬಿಕೆ ಸುಳ್ಳಿನಿಂದ ಹುಟ್ಟಿದ್ದಲ್ಲ. ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ. ಆ ಕಾಲದಲ್ಲಿ ಮಾಳಿಗೆಯ ಮೇಲಿನ ಆಂಟೆನಾದಿಂದ ಇಳಿದು ಬರುತ್ತಿದ್ದ ವೈರೇ ಚಿತ್ರದ ಹಣೆಬರಹ ಬರೆಯುತ್ತಿತ್ತು. ವೋಲ್ಟೇಜಿನ ಏರಿಳಿತವೇ ನೇರವಾಗಿ ಬೆಳಕು ಮತ್ತು ಬಣ್ಣವಾಗುತ್ತಿದ್ದುದರಿಂದ ತಂತಿಯಲ್ಲಿ ಎಷ್ಟು ಸೋರಿತೋ ಅಷ್ಟು ಚಿತ್ರದಲ್ಲೂ ಸೋರಿತು. ಜಾಯಿಂಟ್ ಸಡಿಲವಾದರೆ ಪರದೆ ತುಂಬ ಕಾಳು ಚೆಲ್ಲಿದಂತೆ; ಸಂಕೇತ ತಂತಿಯ ತುದಿಗೆ ಬಡಿದು ಹಿಂದಿರುಗಿದರೆ ವಾರ್ತೆ ಓದುವವರ ಪಕ್ಕದಲ್ಲೇ ಅವರದೇ ನೆರಳು. ಹಳದಿ, ಬಿಳಿ, ಕೆಂಪು ಮೂತಿಯ ವೈರುಗಳ ಕಾಲದವರೆಗೂ ಈ ಮಾತು ನಿಜವಾಗಿತ್ತು. ಅಂಗಡಿಯ ಹುಡುಗ ಹೇಳಿದ್ದು ಆ ಹಳೆಯ ನಿಜವನ್ನು, ಅದು ಹೊಂದದ ಹೊಸ ವಸ್ತುವಿಗೆ ಅಂಟಿಸಿ.

ಈಗ ತಂತಿಯಲ್ಲಿ ಬರುವುದು ಸೊನ್ನೆ, ಒಂದು ಅಷ್ಟೇ. ಫೋನಿನಲ್ಲಿ ಯಾರೋ ಹತ್ತು ಅಂಕಿಯ ನಂಬರ್ ಹೇಳುತ್ತಾರೆ, ನೀವು ಬರೆದುಕೊಳ್ಳುತ್ತೀರಿ. ದನಿ ಸ್ವಲ್ಪ ಗೊಗ್ಗರಾಗಿದ್ದರೂ ಏಳನ್ನು ಏಳೆಂದೇ ಕೇಳಿದಿರಾದರೆ ಚೀಟಿಯ ಮೇಲಿನ ನಂಬರ್ ಪೂರ್ತಿ ಸರಿ. ದುಬಾರಿ ಫೋನಿನಲ್ಲಿ ಕೇಳಿದ್ದರಿಂದ ಅದು ಇನ್ನಷ್ಟು ಸರಿಯಾಗುವುದಿಲ್ಲ. ಲೈನು ತೀರಾ ಕೆಟ್ಟರೆ ಅಂಕಿಯೇ ತಪ್ಪುತ್ತದೆ, ಆಗ ಟಿವಿಯಲ್ಲಿ ಕಾಣುವುದು ಮಂಕು ಬಣ್ಣವಲ್ಲ. ಅಲ್ಲಲ್ಲಿ ಬಿಳಿಯ ಕಿಡಿಗಳು ಮಿನುಗುತ್ತವೆ, ಪರದೆ ಒಂದೆರಡು ಸೆಕೆಂಡು ಕಪ್ಪಾಗಿ ಮರಳುತ್ತದೆ, ಇಲ್ಲವೇ ‘ನೋ ಸಿಗ್ನಲ್’ ಬರುತ್ತದೆ. ಇಡೀ ಪರದೆಯ ಕೆಂಪು ತುಸು ಮಂಕಾಗಬೇಕಿದ್ದರೆ 83 ಲಕ್ಷ ಚುಕ್ಕಿಗಳಲ್ಲೂ ಕೆಂಪಿನ ಸಂಖ್ಯೆಯೊಂದೇ, ಅದೂ ಒಂದೇ ಪ್ರಮಾಣದಲ್ಲಿ, ಸೆಕೆಂಡಿಗೆ 60 ಸಲ ಇಳಿಯಬೇಕು. ತಾಮ್ರದಲ್ಲಾಗುವ ತಪ್ಪು ಹೀಗೆ ಅಳೆದು ತೂಗಿ ಬೀಳುವುದಿಲ್ಲ, ಎಲ್ಲೆಂದರಲ್ಲಿ ಬೀಳುತ್ತದೆ. ಬಣ್ಣ ಸರಿಯಿಲ್ಲ ಎನ್ನಿಸಿದರೆ ಟಿವಿಯ ಪಿಕ್ಚರ್ ಮೋಡ್ ಬದಲಿಸಿ ನೋಡಿ. ಹಲವು ಟಿವಿಗಳಲ್ಲಿ ಎಚ್‌ಡಿಎಂಐ ಕಿಂಡಿಯ ಪೂರ್ಣ ಸಾಮರ್ಥ್ಯವನ್ನೂ ಸೆಟ್ಟಿಂಗ್‌ನಲ್ಲಿ ನಾವೇ ಆನ್ ಮಾಡಬೇಕು.

ಚಿನ್ನದ ಲೇಪನದ ವಿಷಯ: ಚಿನ್ನ ತಾಮ್ರಕ್ಕಿಂತ ಒಳ್ಳೆಯ ವಾಹಕವಲ್ಲ. ಅದರ ಗುಣ ಕಿಲುಬು ಹಿಡಿಯದಿರುವುದು. ಕರಾವಳಿಯ ಉಪ್ಪುಗಾಳಿಗೆ ಅದು ಉಪಯೋಗವೇ. ಆದರೆ ತೆಳು ಲೇಪನ ಅಗ್ಗದ ಕೇಬಲ್ಲುಗಳಿಗೂ ಇರುತ್ತದೆ.

ದುಬಾರಿ ಕೇಬಲ್ಲಿಗೆ ಹಾಕಿದ ಹಣಕ್ಕೆ ಬೆಲೆ ಸಿಗುವುದು ಕೇಬಲ್ ಉದ್ದವಾದಾಗ. ಇಷ್ಟು ವೇಗದಲ್ಲಿ ಬದಲಾಗುವ ವಿದ್ಯುತ್ತು ತಂತಿಯ ಒಡಲನ್ನು ಬಿಟ್ಟು ಮೈಮೇಲಷ್ಟೇ, ಮಿಲಿಮೀಟರಿನ ಸಾವಿರದ ಒಂದೆರಡು ಭಾಗದಷ್ಟು ಆಳದಲ್ಲಿ ಹರಿಯುತ್ತದೆ. ದಾರಿ ಕಿರಿದಾದಷ್ಟೂ ಅಡೆತಡೆ ಹೆಚ್ಚು. ಒಂದೂವರೆ, ಎರಡು ಮೀಟರಿಗೆ ಇದು ಲೆಕ್ಕಕ್ಕಿಲ್ಲ. ಹತ್ತು ಮೀಟರ್ ದೂರದ ಪ್ರೊಜೆಕ್ಟರಿಗೆ 4ಕೆ ಚಿತ್ರ ಕಳಿಸಬೇಕೆಂದರೆ ಒಳಗೆ ಚಿಪ್ ಇರುವ ಅಥವಾ ಗಾಜಿನ ಎಳೆಯ ಕೇಬಲ್ಲಿಗೆ ದುಡ್ಡು ಹಾಕಲೇಬೇಕು. 4ಕೆಯಲ್ಲಿ ಸೆಕೆಂಡಿಗೆ 120 ಚಿತ್ರ ಬೇಡುವ ಗೇಮ್ ಕನ್ಸೋಲ್ ಇದ್ದರೆ ‘ಅಲ್ಟ್ರಾ ಹೈ ಸ್ಪೀಡ್’ ಎಂಬ, ಸೆಕೆಂಡಿಗೆ 4,800 ಕೋಟಿ ಬಿಟ್ ಸಾಗಿಸುವ ದರ್ಜೆಯ ಕೇಬಲ್ ಬೇಕು. ಡಬ್ಬದ ಮೇಲೆ ಸ್ಕ್ಯಾನ್ ಮಾಡಿ ನೋಡಬಹುದಾದ ಪ್ರಮಾಣಪತ್ರದ ಚೀಟಿ ಇದೆಯೇ ಎಂದು ಗಮನಿಸಿ. ಮನೆಯ ಎಚ್‌ಡಿ ಸೆಟ್‌ಟಾಪ್ ಬಾಕ್ಸಿನ ಹೊರೆ ಇದರ ಒಂದು ಸಣ್ಣ ಪಾಲು. ಟಿವಿಯೊಳಗಿನ ಆ್ಯಪಿನಲ್ಲೇ ಸಿನಿಮಾ ನೋಡುವವರಿಗಂತೂ ಆ ಚಿತ್ರ ಎಚ್‌ಡಿಎಂಐ ಕೇಬಲ್ಲನ್ನು ಹಾಯುವುದೇ ಇಲ್ಲ.

ಅಕ್ಕನ ಮನೆಯ ಬಗ್ಗೆ ನನ್ನ ಚಿಂತೆ ಬೇರೆಯೇ ಇತ್ತು. ಏಪ್ರಿಲ್, ಮೇ ತಿಂಗಳ ಸಂಜೆ ಮಲೆನಾಡಿನಲ್ಲಿ ಗುಡುಗು ಸಿಡಿಲಿನ ಅಬ್ಬರ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ ಕರೆಂಟಿನ ತಂತಿಯಲ್ಲಿ ಸಾವಿರಾರು ವೋಲ್ಟಿನ ಅಲೆ ಏಳುತ್ತದೆ. ಮಾಡಿನ ಮೇಲಿನ ಡಿಶ್‌ನ ವೈರಿನಲ್ಲೂ ಏಳುತ್ತದೆ. ಅದು ಸೆಟ್‌ಟಾಪ್ ಬಾಕ್ಸಿಗೆ ನುಗ್ಗಿ, ಎಚ್‌ಡಿಎಂಐ ಕೇಬಲ್ಲನ್ನೇ ದಾರಿ ಮಾಡಿಕೊಂಡು ಟಿವಿಯ ಕಿಂಡಿಯನ್ನು ಸುಡಬಲ್ಲದು. ಮಳೆಮೋಡ ಕಂಡಾಗ ಪ್ಲಗ್ ಕಿತ್ತು ಡಿಶ್ ವೈರನ್ನು ಹಾಗೇ ಬಿಡುವವರು ಬಹಳ ಮಂದಿ. ಎರಡನ್ನೂ ಕೀಳಬೇಕು.

ಸ್ಟೆಬಿಲೈಸರ್ ಬೇಕೇ? ಇಂದಿನ ಟಿವಿಗಳ ಬೆನ್ನ ಮೇಲೆ ಸಾಮಾನ್ಯವಾಗಿ 100–240 ವೋಲ್ಟ್ ಎಂದು ಬರೆದಿರುತ್ತದೆ. ಒಳಗಿನ ಸರ್ಕ್ಯೂಟೇ ಆ ಏರಿಳಿತವನ್ನು ನುಂಗಿಕೊಳ್ಳುತ್ತದೆ. ನ್ಯೂಟ್ರಲ್ ತಂತಿ ಕಡಿದು ವೋಲ್ಟೇಜ್ 400ರ ಹತ್ತಿರ ಹಾರುವಂಥ ಊರಾದರೆ ಹೆಚ್ಚು ವೋಲ್ಟೇಜಿಗೆ ಕಡಿತಗೊಳಿಸುವ ಸಾಧನ ಬೇಕು. ಸಿಡಿಲಿನ ಅಲೆಗೆ ಸರ್ಜ್ ಪ್ರೊಟೆಕ್ಟರ್. ಅದರೊಳಗಿನ ಸತುವಿನ ಆಕ್ಸೈಡಿನ ಬಿಲ್ಲೆ 230 ವೋಲ್ಟಿನಲ್ಲಿ ಗೋಡೆಯಂತೆ ನಿಂತಿರುತ್ತದೆ. ವೋಲ್ಟೇಜ್ ದಿಢೀರನೆ ಏರಿದರೆ ಕ್ಷಣದೊಳಗೆ ಬಾಗಿಲಾಗಿ ತೆರೆದು ಅಲೆಯನ್ನು ಭೂಮಿಗೆ ಇಳಿಸುತ್ತದೆ. ಭೂಮಿಗೆ ದಾರಿಯಿದ್ದರೆ ಮಾತ್ರ.

ಅದಕ್ಕೇ ಊರಿಗೆ ಹೋದಾಗ ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಆತ ಟಿವಿಯ ಪ್ಲಗ್ ಪಾಯಿಂಟಿನಲ್ಲಿ ಫೇಸಿಗೂ ಅರ್ತಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದ. ಬಲ್ಬು ಹತ್ತಲಿಲ್ಲ. ಮೂರನೆಯ ತೂತು ಇಷ್ಟು ವರ್ಷ ಖಾಲಿಯಾಗಿಯೇ ಇತ್ತು. ಭಾವ ತೋಟದಂಚಿನಲ್ಲಿ ಗುಂಡಿ ತೋಡಿಸಿದರು, ಪೈಪು ನಿಲ್ಲಿಸಿ ಇದ್ದಿಲು, ಉಪ್ಪು ಸುರಿಸಿ, ಅಲ್ಲಿಂದ ಮನೆಯ ಬೋರ್ಡಿಗೆ ದಪ್ಪ ತಂತಿ ಎಳೆಸಿದರು. ಮರುದಿನ ಅದೇ ಬಲ್ಬನ್ನು ಅದೇ ತೂತಿಗೆ ಹಿಡಿದಾಗ ಝಗ್ಗನೆ ಹತ್ತಿತು. ಅಕ್ಕ ಅಡುಗೆಮನೆಯಿಂದ ಬಂದು, “ಫ್ರಿಜ್ಜಿನ ಪಾಯಿಂಟೂ ನೋಡಿ” ಎಂದಳು.