ಒಂದೇ ಉಸಿರಿನ ಕಟ್ಟಳೆ

ದಾಳಿಗೆ ಬಂದವನ ಬಾಯಿ ಮುಚ್ಚಬಾರದು, ಗಂಟಲು ಅದುಮಬಾರದು. ಕಬಡ್ಡಿಯ ನಿಯಮ ಪುಸ್ತಕ ಹಿಡಿಯುವವರಿಗೆ ಹಾಕಿರುವ ಕಟ್ಟುಪಾಡುಗಳಲ್ಲಿ ಇದೂ ಒಂದು. ಕಾಲು ಹಿಡಿಯಬಹುದು, ಕೈ ಹಿಡಿಯಬಹುದು, ಸೊಂಟಕ್ಕೆ ತೆಕ್ಕೆ ಹಾಕಬಹುದು, ಏಳೂ ಜನ ಮೇಲೆ ಬಿದ್ದು ನೆಲಕ್ಕೆ ಒತ್ತಬಹುದು. ಬಾಯಿಯ ತಂಟೆಗೆ ಮಾತ್ರ ಹೋಗುವಂತಿಲ್ಲ. ಈ ಆಟದಲ್ಲಿ ದಾಳಿಗಾರ ಇನ್ನೂ ಬದುಕಿದ್ದಾನೆ ಎಂಬುದಕ್ಕೆ ಸಾಕ್ಷಿ ಅವನ ಬಾಯಿಂದ ಹೊರಡುವ ಸದ್ದು. ಸದ್ದು ಅಡಗಿದರೆ ಅವನು ಔಟ್. ಹಿಡಿದವನೇ ಬಾಯಿಯನ್ನೂ ಮುಚ್ಚಿಬಿಟ್ಟರೆ ನ್ಯಾಯ ಹೇಳುವವನ ಕಿವಿಗೆ ಏನು ಉಳಿಯುತ್ತದೆ?

ಗೆರೆ ದಾಟುವ ಮೊದಲೇ ‘ಕಬಡ್ಡಿ’ ಶುರುವಾಗಬೇಕು. ಎದುರಾಳಿಯ ಅಂಗಳದಲ್ಲಿ ಇರುವಷ್ಟು ಹೊತ್ತೂ ಅದು ನಡುವೆ ತುಂಡಾಗದೆ, ಸ್ಪಷ್ಟವಾಗಿ, ಕೇಳುವ ಹಾಗೆ, ಒಂದೇ ಉಸಿರಿನಲ್ಲಿ ಸಾಗಬೇಕು. ತಡವಾಗಿ ಶುರು ಮಾಡಿದರೆ ಅಂಪೈರ್ ವಾಪಸ್ ಕಳಿಸುತ್ತಾರೆ. ಎದುರಾಳಿಗೆ ಒಂದು ಅಂಕವೂ ಸಿಗುತ್ತದೆ, ದಾಳಿಯ ಸರದಿಯೂ ಸಿಗುತ್ತದೆ. ಅಲ್ಲೇ ಉಸಿರು ತಪ್ಪಿದರೆ, ಯಾರೂ ಮುಟ್ಟದಿದ್ದರೂ ಔಟ್. ನಿಯಮ ಇಷ್ಟೇ. ಹೇಳುವುದಕ್ಕೆ ನಾಲ್ಕು ಸಾಲು ಸಾಕು. ಇದನ್ನು ಪಾಲಿಸುವಂತೆ ನೋಡಿಕೊಳ್ಳುವುದು ಎಷ್ಟು ಕಷ್ಟ ಎಂಬುದರಲ್ಲೇ ಈ ಆಟದ ನೂರು ವರ್ಷಗಳ ಕತೆ ಅಡಗಿದೆ.

ಗಡಿಯಾರವಿಲ್ಲದ ಬಯಲನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಕಣದ ಕೆಲಸ ಮುಗಿದಿದೆ, ಸಂಜೆ ಬಿಸಿಲು ಇಳಿದಿದೆ, ಒಬ್ಬ ಹುಡುಗ ಕಾಲಿನ ಹೆಬ್ಬೆರಳಿನಿಂದ ಮಣ್ಣಿನಲ್ಲಿ ಗೆರೆ ಎಳೆದಿದ್ದಾನೆ. ಆಚೆಗೆ ಹೋದವನು ಎಷ್ಟು ಹೊತ್ತು ಅಲ್ಲಿರಬಹುದು? ಹೊತ್ತು ಅಳೆಯಲು ಯಾರ ಬಳಿಯೂ ಏನೂ ಇಲ್ಲ. ಪ್ರತಿಯೊಬ್ಬನೂ ಎದೆಯೊಳಗೆ ಹೊತ್ತು ತಂದಿರುವ ಅಳತೆಯೊಂದೇ ಇರುವುದು. ಎಲ್ಲರ ಅಳತೆಯೂ ಒಂದೇ ಅಲ್ಲ: ಒಬ್ಬನದು ಉದ್ದ, ಇನ್ನೊಬ್ಬನದು ಗಿಡ್ಡ. ಆದರೆ ಯಾರೂ ಅದನ್ನು ಎರವಲು ತರಲಾರರು. ಉಸಿರನ್ನು ಹೊತ್ತಿನ ಅಳತೆಯಾಗಿ ಮಾಡಿಕೊಂಡವರು ಯಾರೋ, ಹಳ್ಳಿಯ ಆಟಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಸಿಗುತ್ತಿರಲಿಲ್ಲ ಎಂದು ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ.

ಉಸಿರು ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಅದಕ್ಕೊಂದು ಸದ್ದು ಕಟ್ಟಬೇಕಾಯಿತು. ಮಹಾರಾಷ್ಟ್ರದಲ್ಲಿ ಅದು ‘ಹುತುತು’, ತಮಿಳುನಾಡಿನಲ್ಲಿ ‘ಸಡುಗುಡು’, ಬಂಗಾಳದಲ್ಲಿ ‘ಹಾಡುಡು’. ಹೆಸರುಗಳನ್ನು ಜೋರಾಗಿ ಹೇಳಿ ನೋಡಿ, ಎಲ್ಲವೂ ನಾಲಿಗೆಯ ತುದಿಯಲ್ಲಿ ಉರುಳುವ ಮಾತುಗಳು. ಎಲ್ಲೆಡೆಯೂ ಕೂಗುವ ಸದ್ದೇ ಆಟದ ಹೆಸರಾಗಿ ನಿಂತಿದೆ. ಚೆಂಡಾಟಕ್ಕೆ ಚೆಂಡಿನ ಹೆಸರು ಬಂದ ಹಾಗೆ ಈ ಆಟಕ್ಕೆ ಬೇಕಾದ ಒಂದೇ ಒಂದು ಸಲಕರಣೆಯ ಹೆಸರು ಬಂದಿದೆ.

‘ಕಬಡ್ಡಿ’ ಎಂಬ ಮಾತಿನ ಕಟ್ಟಡವನ್ನೇ ಗಮನಿಸಿ. ಕ, ಬ, ಡ್ಡ ಮೂರೂ ವರ್ಗೀಯ ವ್ಯಂಜನಗಳು. ಮೂರು ಕಡೆಯೂ ಗಾಳಿ ಒಂದು ಕ್ಷಣ ತಡೆದು ನಿಲ್ಲುತ್ತದೆ: ಒಮ್ಮೆ ಗಂಟಲ ಹತ್ತಿರ, ಒಮ್ಮೆ ತುಟಿಯಲ್ಲಿ, ಒಮ್ಮೆ ಅಂಗುಳಿನಲ್ಲಿ. ಒತ್ತಕ್ಷರದ ಕಡೆ ಇನ್ನೂ ತುಸು ಹೆಚ್ಚು ಹೊತ್ತು. ‘ಹ’ಕಾರದಂತೆ ಗಾಳಿಯನ್ನು ಸುರಿಯುವ ಅಕ್ಷರ ಅದರಲ್ಲಿ ಒಂದೂ ಇಲ್ಲ. ಜಿಪುಣನ ಕೈಯಿಂದ ಕಾಸು ಬಿಡುವ ಹಾಗೆ ಉಸಿರನ್ನು ಬಿಡುವ ಮಾತು ಅದು. ಯಾರೂ ಕೂತು ಲೆಕ್ಕ ಹಾಕಿ ಆರಿಸಿದ್ದಲ್ಲದಿರಬಹುದು. ಆದರೂ ಇಷ್ಟು ಸದ್ದುಗಳ ನಡುವೆ ಕೊನೆಗೆ ಉಳಿದು ಗೆದ್ದದ್ದು ಅದೇ.

ಹಳ್ಳಿ ಹಳ್ಳಿಗೂ ಬೇರೆ ಬೇರೆಯಾಗಿದ್ದ ಕಟ್ಟಳೆಗಳನ್ನು ಮೂರು ಬಗೆಯಾಗಿ ವಿಂಗಡಿಸುವ ರೂಢಿ ಉಂಟು. ‘ಸಂಜೀವನಿ’ಯಲ್ಲಿ ಎದುರಾಳಿ ಒಬ್ಬ ಔಟಾದರೆ ನಮ್ಮವನೊಬ್ಬ ಮತ್ತೆ ಜೀವ ಪಡೆದು ಒಳಗೆ ಬರುತ್ತಾನೆ. ‘ಗಾಮಿನಿ’ಯಲ್ಲಿ ಹೋದವನು ಹೋದ, ಒಂದು ತಂಡ ಪೂರ್ತಿ ಬರಿದಾಗುವವರೆಗೆ ಹೊರಗೇ. ‘ಅಮರ್’ನಲ್ಲಿ ಔಟಾದವನು ಹೊರಗೆ ಹೋಗುವುದೇ ಇಲ್ಲ, ಎದುರಾಳಿಗೆ ಅಂಕ ಕೊಟ್ಟು ಅಲ್ಲೇ ಆಡುತ್ತಾನೆ. ಮಹಾರಾಷ್ಟ್ರದವರು 1921ರ ಸುಮಾರಿಗೆ ಸಂಜೀವನಿ, ಗಾಮಿನಿ ಎರಡನ್ನೂ ಬೆಸೆದು ಒಂದು ಚೌಕಟ್ಟು ಕಟ್ಟಿದರು. 1923ರಲ್ಲಿ ಬರೋಡದ ಹಿಂದ್ ವಿಜಯ್ ಜಿಮ್‌ಖಾನಾ ತಿದ್ದಿದ ನಿಯಮಗಳನ್ನು ಹೊರತಂದಿತು. 1936ರ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳದವರು ಈ ಆಟವನ್ನು ಅಲ್ಲಿ ತೋರಿಸಿದರು. 1950ರಲ್ಲಿ ಅಖಿಲ ಭಾರತ ಒಕ್ಕೂಟ ಹುಟ್ಟಿತು, 1952ರಲ್ಲಿ ಮದರಾಸಿನಲ್ಲಿ ಗಂಡಸರ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಹುತುತು, ಸಡುಗುಡುಗಳೆಲ್ಲ ಅಧಿಕೃತ ಅಂಗಳದಿಂದ ಆಚೆಗುಳಿದು, ‘ಕಬಡ್ಡಿ’ ಒಂದೇ ಒಪ್ಪಿತ ಕೂಗಾಯಿತು. 2016ರಲ್ಲಿ ಅಹಮದಾಬಾದಿನಲ್ಲಿ ವಿಶ್ವಕಪ್ ನಡೆದಾಗ ಕೆನ್ಯಾ, ಪೋಲೆಂಡ್, ಅರ್ಜೆಂಟೀನಾದ ಹುಡುಗರು ಕೂಡ ಇದೇ ಮಾತನ್ನು ಕೂಗುತ್ತಾ ಗೆರೆ ದಾಟಿದರು. ಅವರ ನಾಲಿಗೆಗೆ ನಮ್ಮ ‘ಡ್ಡ’ ಸುಲಭದ ಅಕ್ಷರವಲ್ಲ.

ಹೀಗೆ ಪುಸ್ತಕಕ್ಕೆ ಇಳಿದ ನಿಯಮಗಳಲ್ಲಿ ಹಳ್ಳಿಯ ಬಯಲಿನ ಜಗಳಗಳು ಇವತ್ತಿಗೂ ಕಾಣಿಸುತ್ತವೆ. ಉಗುರು ಕತ್ತರಿಸಿರಬೇಕು. ಮೈಗೆ ಎಣ್ಣೆ ಹಚ್ಚಿ ಬರಬಾರದು. ಯಾರೋ ಒಬ್ಬ ಹರಳೆಣ್ಣೆ ಬಳಿದುಕೊಂಡು ಬಂದು ಮೀನಿನ ಹಾಗೆ ಜಾರಿಕೊಂಡಿರಬೇಕು, ಅದಕ್ಕೇ ಈ ಸಾಲು ಹುಟ್ಟಿದೆ ಎಂದು ಊಹಿಸುವುದು ಕಷ್ಟವಲ್ಲ. ಔಟಾದವರು ಮತ್ತೆ ಒಳಗೆ ಬರುವಾಗ ಹೊರಗೆ ಹೋದ ಸರದಿಯಲ್ಲೇ ಬರಬೇಕು. ತಂಡದ ಹುಲಿ ಮೂರನೆಯವನಾಗಿ ಹೋಗಿದ್ದರೆ ಅವನ ಮುಂದಿನ ಇಬ್ಬರು ಬರುವವರೆಗೆ ಕಾಯಬೇಕು. ನನಗೆ ಬಹಳ ಹಿಡಿಸುವ ನಿಯಮ ಬೇರೊಂದಿದೆ. ದಾಳಿಗೆ ಹೋದವನಿಗೆ ಅವನ ತಂಡದವರು ‘ಹಿಂದೆ ನೋಡೋ, ಎಡಕ್ಕೆ ಬಂದ’ ಎಂದು ಎಚ್ಚರಿಸುವಂತಿಲ್ಲ. ಎಚ್ಚರಿಸಿದರೆ ಎದುರಾಳಿಗೆ ಒಂದು ಅಂಕ. ಗೆರೆ ದಾಟಿದ ಮೇಲೆ ಆ ಅಂಗಳದಲ್ಲಿ ಅವನಿಗೆ ಅವನೇ ದಿಕ್ಕು.

ಈ ನಿಯಮಗಳಲ್ಲಿ ಹೆಚ್ಚಿನವನ್ನು ಕಣ್ಣಿನಿಂದ ಕಾಯಬಹುದು. ಉಗುರು ಕಾಣುತ್ತದೆ, ಎಣ್ಣೆ ಕಾಣುತ್ತದೆ. ಗೆರೆ ತುಳಿದ ಕಾಲು ಮಣ್ಣಿನಲ್ಲಿ ಗುರುತು ಬಿಡುತ್ತದೆ. ಉಸಿರನ್ನು ಮಾತ್ರ ಕಿವಿಯಿಂದ ಕಾಯಬೇಕು. ಅಂಗಳದ ಎರಡು ಬದಿಯಲ್ಲಿ ಇಬ್ಬರು ಅಂಪೈರ್‌ಗಳು, ಮೇಲೊಬ್ಬ ರೆಫರಿ. ದಾಳಿಗಾರ ಒಳಗೆ ನುಗ್ಗಿದಂತೆ ಅಂಪೈರ್ ಗೆರೆಯ ಗುಂಟ ಅವನ ಜೊತೆಗೇ ಸಾಗುತ್ತಾರೆ. ಕಾಲುಗಳ ಮೇಲೆ ಕಣ್ಣು, ಬಾಯಿಯ ಕಡೆ ಕಿವಿ. ಕಳ್ಳತನದ ಬಗೆಗಳೂ ನೂರೆಂಟು: ಮುಖ ತಿರುಗಿಸಿ ಒಂದು ಗುಟುಕು ಗಾಳಿ ಎಳೆಯುವುದು, ‘ಕಬಡ್ಡಿ’ಯನ್ನು ಸವೆಸಿ ಸವೆಸಿ ‘ಬಡಿಬಡಿ’ ಮಾಡಿ, ಆಮೇಲೆ ಬರೀ ‘ಡಿಡಿಡಿ’ ಮಾಡಿ, ಆಮೇಲೆ ತುಟಿ ಮಾತ್ರ ಆಡಿಸುವುದು. ಹಿಡಿತಕ್ಕೆ ಸಿಕ್ಕವನದು ಇನ್ನೂ ಕಷ್ಟದ ಪಂಚಾಯಿತಿ. ಮೂವರು ಮೇಲೆ ಬಿದ್ದಿರುತ್ತಾರೆ, ಅವನ ಮುಖ ಮಣ್ಣಿನಲ್ಲಿ ಹುದುಗಿರುತ್ತದೆ, ಒಂದು ಕೈ ನಡುಗೆರೆಯತ್ತ ತೆವಳುತ್ತಿರುತ್ತದೆ. ಬೆರಳ ತುದಿ ಗೆರೆ ಮುಟ್ಟುವ ಹೊತ್ತಿಗೆ ಉಸಿರಿತ್ತೇ, ಇರಲಿಲ್ಲವೇ? ಉಸಿರು ಇದ್ದರೆ ಮೂವರೂ ಔಟ್, ಇಲ್ಲದಿದ್ದರೆ ಅವನೊಬ್ಬ. ಹಳೆಯ ತಲೆಯ ಅಂಪೈರ್‌ಗಳು ಇಂಥ ಗಳಿಗೆಯಲ್ಲಿ ಮೊಣಕಾಲೂರಿ ಆ ಗುಡ್ಡೆಯ ಹತ್ತಿರ ಕಿವಿ ಒಡ್ಡುತ್ತಿದ್ದರು.

ಅಂಥ ಒಬ್ಬರ ಕೈಕೆಳಗೆ ನಾನು ಆಡಿದ್ದೇನೆ. ಮಂಡ್ಯ ಸೀಮೆಯ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಆಟದ ನಡುವೆ ಎಷ್ಟೋ ಸಲ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಬಿಸಿಲಿಗೆ ಹಾಗೆ ನಿಲ್ಲುತ್ತಾರೆಂದು ನಾವು ತಿಳಿದಿದ್ದೆವು. ಏಳನೇ ಕ್ಲಾಸಿನಲ್ಲಿ ಒಂದು ದಿನ ನಾನು ಇಬ್ಬರನ್ನು ಮುಟ್ಟಿ ವಾಪಸ್ ಬಂದೆ. ಮೂಲೆಯಲ್ಲಿ ತಿರುಗುವಾಗ ಅರ್ಧ ಗುಟುಕು ಗಾಳಿ ಎಳೆದಿದ್ದೆ. ಎದುರಿನವರಿಗೂ ಗೊತ್ತಾಗಿರಲಿಲ್ಲ, ಅವರಾಗಲೇ ತಲೆ ತಗ್ಗಿಸಿಕೊಂಡು ಹೊರಗೆ ನಡೆದಿದ್ದರು. ಮೇಷ್ಟ್ರು ಕಣ್ಣು ಬಿಡದೆಯೇ ಕೇಳಿದರು: “ಮೂಲೇಲಿ ಉಸ್ರು ಎಳ್ಕೊಂಡ್ಯಲ್ಲ, ಅದು ಯಾರ್ದ್ಲಾ?” ನಾನು ಮಾತಾಡಲಿಲ್ಲ. ಹೊರಗೆ ಹೋಗಿ ನಿಂತೆ. ಆ ಇಬ್ಬರು ಒಳಗೆ ಬಂದರು. ಮೇಷ್ಟ್ರು ಮತ್ತೆ ಆ ಸಂಗತಿ ಎತ್ತಲಿಲ್ಲ.

ಕಿವಿಯ ಈ ನ್ಯಾಯ ಸದ್ದಿಲ್ಲದ ಬಯಲಿಗೆ ಸರಿಹೋಗಿತ್ತು. ಆಟ ದೊಡ್ಡದಾದಂತೆ ಕಿವಿ ಸೋಲತೊಡಗಿತು. ನಮ್ಮ ಕರಾವಳಿಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಕ್ಕೆ ಹೋದವರಿಗೆ ಗೊತ್ತು: ನಾಲ್ಕು ದಿಕ್ಕಿಗೂ ಧ್ವನಿವರ್ಧಕ, ಬಿಡುವಿಲ್ಲದ ವೀಕ್ಷಕ ವಿವರಣೆ, ಗ್ಯಾಲರಿಯ ಶಿಳ್ಳೆ, ನಡುವೆ ಪಟಾಕಿ. ಆ ಗದ್ದಲದಲ್ಲಿ ದಾಳಿಗಾರನ ಉಸಿರು ಅವನ ಕಿವಿಗೇ ಬೀಳುವುದು ಕಷ್ಟ. ಕೇಳಿಸದ ತಪ್ಪಿಗೆ ಔಟ್ ಕೊಟ್ಟರೆ ಜನ ಅಂಗಳಕ್ಕೇ ನುಗ್ಗಿಯಾರು. ಅಂಪೈರ್ ಅನುಮಾನದ ಲಾಭವನ್ನು ದಾಳಿಗಾರನಿಗೆ ಬಿಡುತ್ತಾ ಬಂದರೆ, ನಿಯಮ ಪುಸ್ತಕದಲ್ಲಿ ಉಳಿದು ಅಂಗಳದಲ್ಲಿ ಕರಗುತ್ತದೆ. ಕಾಯಲಾಗದ ಕಟ್ಟಳೆಯ ಜಾಗಕ್ಕೆ ಕಾಯಲಾಗುವ ಕಟ್ಟಳೆ ಬಂತು. ದಾಳಿಗೆ 30 ಸೆಕೆಂಡು. ಈಗ ಎಲ್ಲರಿಗೂ ಒಂದೇ ಅಳತೆ, ಎಲ್ಲರ ಕಣ್ಣಿಗೂ ಕಾಣುವ ಅಂಕಿ.

2014ರ ಜುಲೈನಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಆ ಅಂಕಿಯೇ ಆಟದ ನಾಡಿಯಾಯಿತು. ಸತತ ಎರಡು ದಾಳಿ ಬರಿದಾದರೆ ಮೂರನೆಯದು ‘ಡು ಆರ್ ಡೈ’: ಅಂಕ ತರದಿದ್ದರೆ ಔಟ್. ಮೂವರೋ ಅದಕ್ಕಿಂತ ಕಡಿಮೆ ಜನವೋ ಉಳಿದಾಗ ದಾಳಿಗಾರನನ್ನು ಹಿಡಿದರೆ ‘ಸೂಪರ್ ಟ್ಯಾಕಲ್’, ಎರಡು ಅಂಕ. ಆಟ ಚುರುಕಾಯಿತು, ಟೀವಿ ಮುಂದೆ ಕೂತ ನಮ್ಮ ಮನೆಯ ಹೆಂಗಸರು, ಮಕ್ಕಳು ಕೂಡ ನಿಯಮ ಬಾಯಿಪಾಠ ಮಾಡಿಕೊಂಡರು. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರಶಸ್ತಿ ಗೆದ್ದ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದ ರಾತ್ರಿ ನಮ್ಮ ಬೀದಿಯಲ್ಲಿ ಎದ್ದ ಕೂಗು ನನಗಿನ್ನೂ ನೆನಪಿದೆ. ‘ಕಬಡ್ಡಿ’ ಎನ್ನಬೇಕೆಂಬ ನಿಯಮ ಹೋಗಿಲ್ಲ, ದಾಳಿಗಾರರು ಅನ್ನುತ್ತಲೇ ಇರುತ್ತಾರೆ. ಆದರೆ ಉಸಿರು ತಪ್ಪಿ ಔಟಾದವರನ್ನು ಕಾಣುವುದು ಅಪರೂಪವಾಗಿದೆ. ಪಂಜಾಬಿನ ವೃತ್ತ ಕಬಡ್ಡಿಯವರು ದಾಳಿಯುದ್ದಕ್ಕೂ ಕೂಗಬೇಕೆಂಬ ಕಟ್ಟುಪಾಡನ್ನೇ ಇಟ್ಟುಕೊಂಡಿಲ್ಲ.

ಗಡಿಯಾರ, ಕ್ಯಾಮೆರಾ ಬಂದರೆ ತಕರಾರು ಮುಗಿಯುತ್ತದೆ ಎಂದು ನಂಬಿದ್ದವರಿಗೆ 2023ರ ಅಕ್ಟೋಬರ್ 7 ಮರೆಯದ ದಿನ. ಹಾಂಗ್‌ಝೌ ಏಷ್ಯನ್ ಗೇಮ್ಸ್ ಗಂಡಸರ ಫೈನಲ್, ಭಾರತ ಮತ್ತು ಇರಾನ್, 28–28. ಪಂದ್ಯ ಮುಗಿಯುತ್ತಾ ಬಂದಾಗ ಪವನ್ ‘ಡು ಆರ್ ಡೈ’ ದಾಳಿಗೆ ಹೋದರು. ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಅಂಗಳದ ಅಂಚಿನ ಪಟ್ಟಿಗೆ, ಕಾಲಿಟ್ಟರು. ಮುಟ್ಟಾಟ ನಡೆದ ಮೇಲಷ್ಟೇ ಆ ಪಟ್ಟಿ ಆಟಕ್ಕೆ ಸೇರುವುದು. ಇರಾನಿನ ಹಿಡಿತಗಾರರೂ ಅವರ ಬೆನ್ನಟ್ಟಿ ಲಾಬಿಗೆ ಬಂದರು. ಹಳೆಯ ನಿಯಮದಂತೆ ಮುಟ್ಟದೆ ಲಾಬಿಗೆ ಬಂದವರೆಲ್ಲರೂ ಔಟ್. ಪ್ರೊ ಕಬಡ್ಡಿಯಲ್ಲಿ ಬದಲಾದ ನಿಯಮದಂತೆ ದಾಳಿಗಾರ ಮಾತ್ರ ಔಟ್. ಯಾವುದು ಅನ್ವಯ? ತೀರ್ಪು ಒಮ್ಮೆ ಈ ಕಡೆ ವಾಲಿತು, ಒಮ್ಮೆ ಆ ಕಡೆ. ಎರಡೂ ತಂಡದ ಆಟಗಾರರು ಮ್ಯಾಟ್ ಮೇಲೇ ಪ್ರತಿಭಟಿಸಿದರು, ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತಕ್ಕೆ ಮೂರು, ಇರಾನಿಗೆ ಒಂದು ಅಂಕ ಕೊಟ್ಟರು. ಭಾರತ 33–29ರಿಂದ ಚಿನ್ನ ಗೆದ್ದಿತು.

ಆ ಒಂದು ಗಂಟೆಯನ್ನು ನಾನು ಟೀವಿ ಮುಂದೆ ಸಂಕಟದಿಂದ ಕಳೆದೆ. ಕಾಲು ಎಲ್ಲಿ ಬಿತ್ತು ಎಂಬುದನ್ನು ಕ್ಯಾಮೆರಾ ಚೆನ್ನಾಗಿಯೇ ತೋರಿಸಿತ್ತು, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಬಿದ್ದ ಕಾಲಿಗೆ ಯಾವ ಕಟ್ಟಳೆ ಎಂಬುದರಲ್ಲಿ ಒಮ್ಮತವಿರಲಿಲ್ಲ. ಬಯಲಿನಲ್ಲಿ ಆಡುವಾಗ ನಾವು ಟಾಸ್ ಹಾಕುವ ಮೊದಲೇ ‘ಮರದ ಬೇರು ದಾಟಿದರೆ ಔಟ್, ಕಲ್ಲು ದಾಟಿದರೆ ಇಲ್ಲ’ ಎಂದು ಗಟ್ಟಿಯಾಗಿ ಹೇಳಿ ಒಪ್ಪಿಸಿಕೊಳ್ಳುತ್ತಿದ್ದೆವು. ಪುಸ್ತಕ ಯಾರ ಬಳಿಯೂ ಇರಲಿಲ್ಲ, ಹಾಗಾಗಿ ಆಟಕ್ಕೆ ಮೊದಲು ನಿಯಮ ಎಲ್ಲರ ಬಾಯಲ್ಲೂ ಒಮ್ಮೆ ಹಾದು ಬರಬೇಕಿತ್ತು.

30 ಸೆಕೆಂಡಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಇಲ್ಲದಿದ್ದರೆ ಈ ಆಟ ಇಷ್ಟು ದೇಶಗಳಿಗೆ ಹೋಗುತ್ತಿರಲಿಲ್ಲ. ಆದರೆ ಉಸಿರು ಹೊತ್ತಿನ ಅಳತೆ ಮಾತ್ರ ಆಗಿರಲಿಲ್ಲ. ಅಳೆಯಲಾಗದ ಅರ್ಧ ಗುಟುಕನ್ನು ದಾಳಿಗಾರ ತಾನೇ ಒಪ್ಪಿಕೊಂಡು ಹೊರಗೆ ನಡೆಯುವ ಒಂದು ರೂಢಿ ಅದರ ಜೊತೆಗೆ ಬೆಳೆದಿತ್ತು. ಅಂಪೈರ್‌ನ ಕಿವಿ ಎಷ್ಟೇ ಚುರುಕಾಗಿರಲಿ, ಆಟಗಾರನ ಎದೆಯ ಮಾತು ಅರ್ಧ ಪಾಲು ತೀರ್ಪು ಹೇಳುತ್ತಿತ್ತು. ಗಡಿಯಾರಕ್ಕೆ ಆ ಸಹಾಯ ಬೇಕಿಲ್ಲ. ಅಂಪೈರ್ ತರಬೇತಿಯಲ್ಲಿ ಕಿವಿಯ ಪಾಠಕ್ಕೆ ಮತ್ತೆ ಜಾಗ ಕೊಡಬೇಕು, ಶಾಲೆಗಳ ಪಂದ್ಯಗಳಲ್ಲಾದರೂ ಒಂದೇ ಉಸಿರಿನ ಕಟ್ಟಳೆಯನ್ನು ಬಿಗಿಯಾಗಿ ನಡೆಸಬೇಕು ಎಂದು ನನ್ನ ಆಸೆ. ಅಲ್ಲಿ ಧ್ವನಿವರ್ಧಕವಿಲ್ಲ, ಕೇಳಲು ಅಡ್ಡಿಯೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಸಂಜೆ ಶಾಲೆಯ ಬಯಲಿನ ಬೇಲಿಗೆ ಆತು ನಿಂತಿದ್ದೆ. ಹತ್ತೋ ಹನ್ನೊಂದೋ ವರ್ಷದ ಹುಡುಗಿಯರು ಎರಡು ತಂಡವಾಗಿ ಆಡುತ್ತಿದ್ದರು. ಬೂದಿ ಎಳೆದು ಗೆರೆ ಮಾಡಿಕೊಂಡಿದ್ದರು. ಅಂಪೈರ್ ಆಗಿ ನಿಂತಿದ್ದವಳೂ ಅವರ ವಯಸ್ಸಿನವಳೇ, ಕಾಲಿಗೆ ಪಟ್ಟಿ ಕಟ್ಟಿದ್ದರಿಂದ ಅವಳಿಗೆ ಆ ಕೆಲಸ ಬಂದಿರಬೇಕು. ದಾಳಿಗೆ ಹೋದವಳನ್ನು ನಾಲ್ವರು ಹಿಡಿದು ಕೆಡವಿದರು. ಕೂದಲು, ಮಣ್ಣು, ಕಾಲು, ಕೈ ಎಲ್ಲ ಒಂದಾದ ಆ ರಾಶಿಯಿಂದ ಒಂದು ಸಣ್ಣ ಗುನುಗು ಬರುತ್ತಲೇ ಇತ್ತು. ಪಟ್ಟಿ ಕಟ್ಟಿದವಳು ಕುಂಟುತ್ತಾ ಓಡಿ ಬಂದು ರಾಶಿಯ ಪಕ್ಕ ಕೂತಳು, ಬೊಬ್ಬೆ ಹಾಕುತ್ತಿದ್ದ ಉಳಿದವರ ಕಡೆ ಕೈ ಎತ್ತಿ ಗದರಿದಳು: “ಸುಮ್ನಿರ್ರೇ, ಕೇಳುಸ್ತಿಲ್ಲ.”

ಬಯಲು ಸುಮ್ಮನಾಯಿತು. ಅವಳು ತಲೆ ಬಗ್ಗಿಸಿ ಕಿವಿಯನ್ನು ಆ ಗುನುಗಿನ ಹತ್ತಿರಕ್ಕೆ ತಂದಳು.